ಕೆಂಪಗಾಗದ ಲೋಹ

ಮೊನ್ನೆ ಮಡಕಶಿರಾ ಸಂತೆಯಲ್ಲಿ ಮಾವಿನಹಣ್ಣಿನ ಬುಟ್ಟಿಯ ಮುಂದೆ ಬಗ್ಗಿದೆ. ಹಣ್ಣು ಬೇಗ ಮಾಗಲಿ ಅಂತ ಹುಲ್ಲಿನ ನಡುವೆ ಕಾರ್ಬೈಡಿನ ಪೊಟ್ಟಣ ಇಟ್ಟಿದ್ದರು. ಬೆಳ್ಳುಳ್ಳಿ ಕೊಳೆತಂಥ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಲವತ್ತು ವರ್ಷದ ಹಿಂದಿನ ರಾಯದುರ್ಗದ ಒಂದು ತಗಡಿನ ಅಂಗಡಿ ನೆನಪಾಯಿತು. "ಏನ್ ತಾತಾ, ಬರೀ ಮೂಸಿ ನೋಡೋಕೆ ಬಂದಿದ್ದಾ?" ಎಂದಳು ಹಣ್ಣಿನವಳು. ಅವಳು ಹೇಳಿದ್ದೂ ಸರಿಯೇ. ಕೊಳ್ಳದೆ ಮನೆಗೆ ಬಂದೆ.

ಆಗ ನಮ್ಮ ಸೀಮೆಯೆಲ್ಲ ಮದ್ರಾಸು ಸರ್ಕಾರದ್ದು. ಯುದ್ಧ ಮುಗಿದು ವರ್ಷವಾಗಿತ್ತು. ನಾನು ಬರ್ಮಾದಲ್ಲಿ ಬಲಗಾಲನ್ನು ಮೊಣಕಾಲಿನಿಂದ ಕೆಳಕ್ಕೆ ಕಳೆದುಕೊಂಡು, ಅಗಳಿಯ ಹತ್ತಿರದ ನಮ್ಮೂರಿಗೆ ಮರಳಿದ್ದೆ. ಅದರ ಬದಲಿಗೆ ಮಿಲಿಟರಿ ಆಸ್ಪತ್ರೆಯವರು ಅಲ್ಯೂಮಿನಿಯಂ ಕಾಲು ಕೊಟ್ಟಿದ್ದರು. ಮೀನಖಂಡದ ಆಕಾರಕ್ಕೆ ಬಡಿದ ತಗಡು, ಮೇಲೆ ಚರ್ಮದ ಪಟ್ಟಿ, ಕೆಳಗೆ ಮರದ ಪಾದ. ಪಂಚೆ ಇಳಿಬಿಟ್ಟರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮಡಕಶಿರಾ ತಾಲ್ಲೂಕು ಕಚೇರಿಯಲ್ಲಿ ಬಂಟ್ರೋತು, ಅಂದರೆ ಜವಾನನ ಕೆಲಸವೊಂದು ಖಾಲಿ ಇತ್ತು. ಬರುವ ತಿಂಗಳ ಮೊದಲ ದಿನ ಕೋಲಿಲ್ಲದೆ ನಡೆದು ಬಂದು ಕಡತದ ಗಂಟು ಎತ್ತಿದರೆ ಕೆಲಸ ನಿನ್ನದು, ಇಲ್ಲವಾದರೆ ಇನ್ನೊಬ್ಬನದು ಎಂದಿದ್ದರು ತಹಸೀಲ್ದಾರರು.

ಅದಕ್ಕೆ ಒಂದು ವಾರ ಇರುವಾಗ ನಾನು ಕಡಲೆಕಾಯಿ ಗಾಡಿಯ ಮೇಲಿಂದ ಜಿಗಿದೆ. ಜಿಗಿಯಬಲ್ಲೆ ಅಂತ ನಾಲ್ಕು ಜನಕ್ಕೆ ತೋರಿಸಬೇಕಿತ್ತು. ತಗಡು ಗೇಣುದ್ದ ಸೀಳಿತು. "ಕುಂಟನಿಗೆ ಎಂಟು ಚೇಷ್ಟೆ" ಎಂದಳು ಅಜ್ಜಿ. ಊರಿನ ಕುಲುಮೆಯವನು ಪರೀಕ್ಷೆಗೆ ಅಂತ ಹಳೆಯದೊಂದು ಅಲ್ಯೂಮಿನಿಯಂ ಮುಚ್ಚಳವನ್ನು ಕೆಂಡಕ್ಕಿಟ್ಟು, ಕಬ್ಬಿಣದ ಹಾಗೆ ಕೆಂಪಗಾಗಲಿ ಎಂದು ಕಾದ. ಅದು ಕೆಂಪಗಾಗಲೇ ಇಲ್ಲ. ಬೆಳ್ಳಗಿದ್ದದ್ದು ಬೆಳ್ಳಗಿದ್ದಂತೆಯೇ ಬೂದಿಗೆ ಸುರಿದುಹೋಯಿತು. ಅವನೇ ಹೆದರಿ, ರಾಯದುರ್ಗದಲ್ಲಿ ಕಾರ್ಬೈಡಿನಿಂದ ಗ್ಯಾಸ್ ಎಬ್ಬಿಸಿ ಬೆಸುಗೆ ಹಾಕುವವರೊಬ್ಬರಿದ್ದಾರೆ, ಅಲ್ಲಿಗೆ ಹೋಗು ಎಂದ. ಕಾಲನ್ನು ಗೋಣಿಚೀಲಕ್ಕೆ ಹಾಕಿಕೊಂಡು, ಕೋಲೂರಿಕೊಂಡು, ಪಾವಗಡ ಕಲ್ಯಾಣದುರ್ಗದ ಮೇಲೆ ಇದ್ದಿಲು ಬಸ್ಸುಗಳನ್ನು ಬದಲಿಸುತ್ತ ಹೋದೆ.

ಬೆಸುಗೆಯವರಿಗೆ ಐವತ್ತು ದಾಟಿತ್ತು. ಹುಬ್ಬಿನ ಕೂದಲು ಸುಟ್ಟು ಹೋಗಿ ಮುಖ ಯಾವಾಗಲೂ ಏನನ್ನೋ ಕೇಳುತ್ತಿರುವಂತೆ ಕಾಣುತ್ತಿತ್ತು. ಯುದ್ಧದ ಕಾಲದಲ್ಲಿ ಬಳ್ಳಾರಿ ಕಡೆಯ ರಿಪೇರಿ ಶೆಡ್ಡಿನಲ್ಲಿ ಕೆಲಸ ಕಲಿತವರು. ಮುಂದೆ ಅಂಗಡಿ, ಹಿಂದೆ ಮನೆ. "ಬರ್ರಿ, ಕೂಡ್ರಿ" ಎಂದು ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಸೀಳಿನುದ್ದಕ್ಕೂ ಉಗುರು ಎಳೆದರು.

"ಯಾವ ಕಡೆ ಇದ್ರಿ?"

"ಬರ್ಮಾ."

"ನಮ್ಮ ಹುಡುಗನೂ ಅಲ್ಲೇ ಇದ್ದ. ಬರಲಿಲ್ಲ."

ಬಸ್ಸು ಬರಲಿಲ್ಲ ಅನ್ನುವ ಹಾಗೆ ಅಂದರು. ನಾನೂ ಹೂಂ ಅಂದೆ. ಆ ದಿನಗಳಲ್ಲಿ ನನಗೆ ಯಾರ ಸಾವೂ ತಾಕುತ್ತಿರಲಿಲ್ಲ. ಊಟ ಮಾಡುತ್ತಿದ್ದೆ, ಮಲಗುತ್ತಿದ್ದೆ, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದೆ. ಬೇಕು ಅನ್ನಿಸುತ್ತಿದ್ದದ್ದು ಒಂದೇ, ಆ ಕಾಲು.

"ಇದು ಮೋಸದ ಲೋಹ ರೀ" ಎಂದರು. "ಕಾದೀನಿ ಅಂತ ಹೇಳಂಗಿಲ್ಲ. ಬೆಂಕಿ ಉಗುಳೋ ನಾಜಲ್ ಸಣ್ಣದಾದ್ರ ಕಾವೆಲ್ಲ ತಗಡೇ ನುಂಗಿ ಸುಮ್ಮನಿರ್ತೈತಿ, ದೊಡ್ಡದಾದ್ರ ತೂತು ಬೀಳ್ತೈತಿ. ಮೊದಲು ಬ್ಯಾರೆ ತಗಡಿನ ಮ್ಯಾಲೆ ನೋಡಬೇಕು. ಸೀಳು ತುಂಬಾಕೂ ಇಂಥಾ ತಗಡೇ ಬೇಕು." ಅಂಥ ತಗಡು ಅಂಗಡಿಯಲ್ಲಿ ಚೂರೂ ಇರಲಿಲ್ಲ. ಮದ್ರಾಸಿನಿಂದ ತರಿಸುತ್ತೇನೆ, ಇಪ್ಪತ್ತು ದಿನ ಬಿಟ್ಟು ಬರ್ರಿ ಎಂದರು. ನಾನು ಕಚೇರಿಯ ಕೆಲಸದ ಗಡುವು ಹೇಳಿದೆ. ಬೇಡಿಕೊಳ್ಳಲಿಲ್ಲ, ಸುಮ್ಮನೆ ಹೇಳಿದೆ. ಅವರು ಕಾಲನ್ನು ಬೆಂಚಿನ ಮೇಲಿಟ್ಟು ಎದ್ದರು. ಹಿತ್ತಲ ಕಡೆ ಇಣುಕಿ, ಹೆಂಡತಿ ನೀರಿಗೆ ಹೋಗಿರುವುದನ್ನು ಖಚಿತ ಮಾಡಿಕೊಂಡು ಒಳಗೆ ಹೋದರು.

ಹೊರಬಂದಾಗ ಕೈಯಲ್ಲಿ ಬಟ್ಟೆಯ ಗಂಟಿತ್ತು. ಬಿಚ್ಚಿದರೆ ಪಲ್ಟನ್ನಿನ ಅಲ್ಯೂಮಿನಿಯಂ ಊಟದ ಡಬ್ಬಿ, ಒಂದರೊಳಗೊಂದು ಕೂರುವ ಜೋಡಿ. ಅಂಥದ್ದರಲ್ಲೇ ನಾನೂ ಮೂರು ವರ್ಷ ಉಂಡಿದ್ದೆ. ಒಳಗಿನ ಡಬ್ಬಿಯ ತಳದಲ್ಲಿ ಮೊಳೆಯಿಂದ ಕೆರೆದ ನಂಬರು, ಅದರ ಕೆಳಗೆ ಕನ್ನಡದಲ್ಲಿ ಒಂದು ಹೆಸರು. ಸತ್ತವರ ಸಾಮಾನನ್ನು ಮನೆಗೆ ಕಳಿಸುತ್ತಾರೆಂದು ನನಗೆ ಗೊತ್ತಿತ್ತು.

ಹೊರಗಿನ ಡಬ್ಬಿಗೆ ಮೊದಲು ಸಣ್ಣ ನಾಜಲ್ ಹಚ್ಚಿದರು. ತಗಡು ಮಿಸುಕಲಿಲ್ಲ. ದೊಡ್ಡದು ಹಾಕಿದರು, ಕಣ್ಣು ಮಿಟುಕಿಸುವಷ್ಟರಲ್ಲಿ ಹೆಬ್ಬೆರಳಿನಷ್ಟು ತೂತು. ನಡುವಿನದು ಹಾಕಿ, ಆಕ್ಸಿಜನ್ನನ್ನು ಕೂದಲೆಳೆಯಷ್ಟು ತಗ್ಗಿಸಿ, ತಗಡಿಗೆ ಬಟ್ಟೆ ಸೋಪು ಉಜ್ಜಿದರು. ಸೋಪು ಕಪ್ಪಗಾದ ಮೇಲೆ ಎಷ್ಟು ಎಣಿಸಿದರೆ ತಗಡು ಕರಗುತ್ತದೆಂದು ಎಣಿಸಿ ನೋಡಿದರು. ಇನ್ನೊಮ್ಮೆ, ಮತ್ತೊಮ್ಮೆ... ಲೆಕ್ಕ ಕೈಗೆ ಹತ್ತುವ ಹೊತ್ತಿಗೆ ಆ ಡಬ್ಬಿ ಯಾತಕ್ಕೂ ಬಾರದಂತಾಗಿತ್ತು. ಸೀಳು ತುಂಬುವ ಪಟ್ಟಿ ಕತ್ತರಿಸಲು ಒಳಗಿನದೇ ಉಳಿದದ್ದು.

ತಳ ಬಿಟ್ಟು ಗೋಡೆಗಳನ್ನಷ್ಟೇ ಸಣ್ಣ ಸಣ್ಣ ಪಟ್ಟಿಯಾಗಿ ಕತ್ತರಿಸಿಕೊಂಡರು. ನೀಲಿ ಕನ್ನಡಕ ಹಾಕಿಕೊಂಡು ಕಾಲಿಗೆ ಬೆಂಕಿ ಹಿಡಿದರು. ಬಿಳಿ ಪುಡಿಯೊಂದನ್ನು ನೀರಲ್ಲಿ ಕಲಸಿ ಸೀಳಿಗೆ ಬಳಿದಿದ್ದರು. ಅದು ತಿಳಿನೀರಿನಂತಾಗುತ್ತಿದ್ದ ಗಳಿಗೆ ನೋಡಿ ಪಟ್ಟಿಯ ತುದಿ ತಾಕಿಸುವುದು, ತಕ್ಷಣ ಬೆಂಕಿ ಮುಂದಕ್ಕೆ ಸರಿಸುವುದು. ಇನ್ನೆರಡು ಬೆರಳು ಸೀಳು ಉಳಿದಿರುವಾಗ ಪಟ್ಟಿ ಮುಗಿದವು.

ಅಲ್ಲಿಗೇ ನಿಲ್ಲಿಸಿದರೆ ಆರುವಾಗ ಪೂರ್ತಿ ಬಿಟ್ಟುಕೊಳ್ಳುತ್ತದೆ ಎಂದು ಮೊದಲೇ ಹೇಳಿದ್ದರು. ಬೆಂಕಿಯನ್ನು ಸೀಳಿನ ಮೇಲೆ ದೂರದಿಂದ ಆಡಿಸುತ್ತಲೇ, "ಕತ್ತರಿ ತಗೊಳ್ರಿ. ತಳ ಕತ್ತರಿಸ್ರಿ" ಎಂದರು. ನನ್ನ ಕಡೆ ನೋಡಲಿಲ್ಲ. ಬೇಡ ಬಿಡಿ ಅನ್ನಬಹುದಿತ್ತು. ಅನ್ನಬೇಕು ಅಂತ ಅನ್ನಿಸಲೂ ಇಲ್ಲ, ಈಗ ನಾಚಿಕೆಯಾಗುವುದು ಅದಕ್ಕೇ. ಕತ್ತರಿಸಿ ಕೊಟ್ಟೆ. ಹೆಸರಿನ ಅರ್ಧ ಒಂದು ಪಟ್ಟಿಯಲ್ಲಿ, ಉಳಿದರ್ಧ ಇನ್ನೊಂದರಲ್ಲಿ ಬಂತು. ಸೀಳು ತುಂಬಿತು.

ಅಷ್ಟರಲ್ಲಿ ಅವರ ಹೆಂಡತಿ ನೀರು ಹೊತ್ತು ಬಂದರು. ಬಟ್ಟೆಯನ್ನೂ ಹಾಳಾದ ಡಬ್ಬಿಯನ್ನೂ ಉಳಿದ ಚೂರುಗಳನ್ನೂ ಬೆಸುಗೆಯವರು ಆಗಲೇ ಕಾಲಿನಿಂದ ಬೆಂಚಿನ ಕೆಳಕ್ಕೆ ತಳ್ಳಿದ್ದರು. ಪುಡಿ ಉಳಿದರೆ ಲೋಹವನ್ನು ತಿನ್ನುತ್ತದೆ, ಬಿಸಿನೀರು ಕಾಯಿಸು ಎಂದರು. ಆ ತಾಯಿ ನೀರು ಕಾಯಿಸಿ ತಂದು, ನನ್ನ ಕಾಲನ್ನು ತಾವೇ ತೆಂಗಿನ ನಾರಿನಿಂದ ತಿಕ್ಕಿ, ಒಳಗೂ ಹೊರಗೂ ತೊಳೆದು, ಸೆರಗಿನಲ್ಲಿ ಒರೆಸಿ ಕೊಟ್ಟರು. "ಹುಷಾರ ನಡೀರಿ ತಮ್ಮಾ" ಎಂದರು.

ಕೆಲಸ ಸಿಕ್ಕಿತು. ಕಡತದ ಗಂಟು ಎತ್ತಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದೆ, ತಹಸೀಲ್ದಾರರು ತಲೆ ಸಹ ಎತ್ತಲಿಲ್ಲ. ರಾಯದುರ್ಗಕ್ಕೆ ಹೋಗಿ ಒಂದು ಮಾತು ಹೇಳಿ ಬರಬೇಕು ಅಂದುಕೊಳ್ಳುತ್ತಲೇ ಎರಡು ವರ್ಷ ಕಳೆದೆ. ಕಡೆಗೆ ಕಚೇರಿಯ ಕೆಲಸದ ಮೇಲೆ ಹೋದಾಗ ಅಂಗಡಿ ಮುಚ್ಚಿತ್ತು. ಬೆಸುಗೆಯವರು ಹಿಂದಿನ ಬೇಸಿಗೆಯಲ್ಲಿ ತೀರಿಕೊಂಡಿದ್ದರು. ಹೆಂಡತಿ ಗುರುತು ಹಿಡಿದು, ಕೂರಿಸಿ, ಮಜ್ಜಿಗೆ ಕೊಟ್ಟರು. ಆಮೇಲೆ ಮೆಲ್ಲಗೆ ಕೇಳಿದರು.

"ತಮ್ಮಾ, ಅವತ್ತು ಅಂಗಡ್ಯಾಗ ಕುಂತಿದ್ರಲ್ಲ, ನಮ್ಮ ಹುಡುಗನ ಊಟದ ಡಬ್ಬಿ ಎಲ್ಲೆರ ಕಂಡ್ರೇನು? ಪಲ್ಟನ್ನಿನವರು ಕಳಿಸಿದ್ದು ಅದೊಂದೇ. ಕಳುವಾತು ಅಂದ್ರು ಇವರು. ಸಾಯೋ ತನಕ ಹಂಗೇ ಅಂದ್ರು."

"ಇಲ್ಲಮ್ಮ, ನಾನು ಕಾಣ್ಲಿಲ್ಲ" ಎಂದೆ.

ತೀರಿಕೊಂಡ ಬೆಸುಗೆಯವರ ಮಾತು ಉಳಿಸಿದೆ ಅಂತ ಬಹಳ ವರ್ಷ ಸಮಾಧಾನ ಮಾಡಿಕೊಂಡೆ. ಅದು ನಿಜವಲ್ಲ. ನಿಜ ಹೇಳಿದರೆ ಆ ತಾಯಿ ನನ್ನ ಕಾಲನ್ನು ಒಂದು ಸಲ ಮುಟ್ಟಿ ನೋಡಲು ಕೇಳುತ್ತಾರೆ, ಮುಟ್ಟಿದ ಮೇಲೆ ಬಿಡುತ್ತಾರೋ ಇಲ್ಲವೋ ಎಂದು ಭಯವಾಯಿತು. ಬಿಚ್ಚಿಕೊಟ್ಟು ಕೋಲೂರಿ ಮನೆಗೆ ಹೋಗುವ ಮನಸ್ಸು ನನಗಿರಲಿಲ್ಲ.

ಹತ್ತು ವರ್ಷದ ಮೇಲೆ ಆಸ್ಪತ್ರೆಯವರು ಹೊಸ ಕಾಲಿಗೆ ಕರೆದರು. ಹಳೆಯದನ್ನು ಒಪ್ಪಿಸಬೇಕು ಅಂದರು, ಒಪ್ಪಿಸಿದೆ. ಗುಮಾಸ್ತ ಅದನ್ನು ಗೋಡೆಯ ಬದಿಯ ರಾಶಿಯ ಮೇಲೆ ಎಸೆದ. ಬೆಸುಗೆ ಅಲ್ಲಾಡಿರಲಿಲ್ಲ. ವಾಪಸು ಕೇಳಬಹುದಿತ್ತೇನೋ... ರುಜು ಹಾಕಿ ಬಂದೆ. ಹೊಸ ಕಾಲು ಹಗುರವಾಗಿತ್ತು, ಅಷ್ಟು ನೆನಪಿದೆ.

ಈಗ ಆ ತಾಯಿಯೂ ಇಲ್ಲ. ರಾಯದುರ್ಗದಲ್ಲಿ ಯಾರಿಗೂ ನನ್ನ ಗುರುತಿಲ್ಲ. ಬೆಸುಗೆಯವರಿಗೆ ಹೇಳಬೇಕಾಗಿದ್ದ ಉಪಕಾರದ ಮಾತು ಹಾಗೇ ಉಳಿಯಿತು, ಅದಕ್ಕಿಂತ ಹೆಚ್ಚಾಗಿ ಈ ಇನ್ನೊಂದು ಮಾತು. ಕೇಳುವವರಿಲ್ಲದ ಹೊತ್ತಿನಲ್ಲಿ ಬರೆಯುತ್ತಿದ್ದೇನೆ, ಧೈರ್ಯ ಬಂದಿದೆ ಅಂತಲ್ಲ. ಡಬ್ಬಿ ಕಳುವಾಗಿರಲಿಲ್ಲಮ್ಮ. ನಾನು ಕಂಡಿದ್ದೆ.