ಬ್ರೇಕಕ್ಕ ಕಾರಿನ ಮುಖ ಕಪ್ಪು ಮಾಡಿದ್ದು

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಆ ಬ್ರೇಕಿನ ಮೇಲೆ ಕಾಲಿಟ್ಟುಕೊಂಡು ಹನ್ನೊಂದು ವರ್ಷ ಕೂತಿದ್ದಕ್ಕೆ ಅವಳಿಗೆ ಬ್ರೇಕಕ್ಕ ಅಂತಲೇ ಹೆಸರು ಬಿದ್ದಿತ್ತು. ಹಾಗಂತ ಅವಳು ಸುಮ್ಮಸುಮ್ಮನೆ ಬ್ರೇಕ್ ಒತ್ತುವವಳಲ್ಲ. ಬೇರೆ ಮೇಷ್ಟ್ರುಗಳು ಎದುರಿಗೊಂದು ನಾಯಿ ಕಂಡರೆ ಸಾಕು, ಕಲಿಯುವವರಿಗಿಂತ ಮೊದಲು ತಾವೇ ಒತ್ತಿಬಿಡುತ್ತಿದ್ದರು. ಇವಳು ಕೊನೇ ಗಳಿಗೆಯವರೆಗೂ ಕಾಯುವಳು. "ನಿಮ್ಮ ಕಾಲು, ನಿಮ್ಮ ಬ್ರೇಕು. ನಾನು ಇದ್ದೀನಿ ಅನ್ನೋದನ್ನ ಮರೆತುಬಿಡಿ," ಅನ್ನುವಳು. ಎರಡೂ ಕೈಯಲ್ಲಿ ಸ್ಟೀರಿಂಗ್ ಬಿಗಿಹಿಡಿದು ಕೂರುತ್ತಿದ್ದ ಎಷ್ಟೋ ಹೆಂಗಸರು ಅವಳ ಪಕ್ಕದಲ್ಲಿ ಕೂತು ಕಲಿತು, ಈಗ ಒಂದೇ ಕೈಯಲ್ಲಿ ಕಾರು ತಿರುಗಿಸುತ್ತಾರೆ.

ಸ್ಕೂಲಿನ ಯಜಮಾನನನ್ನು ಎಲ್ಲರೂ ಸರ್ ಅನ್ನುತ್ತಿದ್ದರು. ಅವನಿಗೊಂದು ಖಯಾಲಿ. ತನ್ನ ಕಾರುಗಳೆಲ್ಲದರ ಮುಂದೆ ಕಂಪನಿಯ ಜಾಲರಿ ತೆಗೆಸಿ, ಅಂಗೈ ಅಗಲದ ಪಟ್ಟಿಗಳಿರುವ ಪ್ಲಾಸ್ಟಿಕ್ಕಿನ ಮೇಲೆ ಕ್ರೋಮ್ ಲೇಪಿಸಿದ ಥಳಥಳ ಹೊಳೆಯುವ ಗ್ರಿಲ್ ಕೂರಿಸುತ್ತಿದ್ದ. ಬೆಳಿಗ್ಗೆ ಬಂದವರು ಮೊದಲು ಅದನ್ನು ಬಟ್ಟೆಯಲ್ಲಿ ಉಜ್ಜಬೇಕು, ಆಮೇಲೆ ಪಾಠ. ಎರಡು ಬೀದಿ ದೂರದಿಂದಲೇ ಜನ ಗುರುತು ಹಿಡಿದು, ಹಲ್ಲು ಕಿರಿಯೋ ಕಾರು ಬಂತು ನೋಡು ಅನ್ನುತ್ತಿದ್ದರು. ಸರ್‌ಗೆ ಅದು ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಮುಖ್ಯ ಮೇಷ್ಟ್ರು ವಯಸ್ಸಾಗಿ ಕೆಲಸ ಬಿಟ್ಟಾಗ ಆ ಜಾಗ ಬ್ರೇಕಕ್ಕನಿಗೇ ಅಂತ ಎಲ್ಲರೂ ಅಂದುಕೊಂಡಿದ್ದರು. ಸರ್ ತನ್ನ ಅಳಿಯನನ್ನು ತಂದು ಕೂರಿಸಿದ. ಆ ಅಳಿಯನಿಗೆ ಗೇರ್ ಹಾಕುವುದನ್ನು ಹೇಳಿಕೊಟ್ಟವಳೂ ಇವಳೇ. ಕೇಳಿದ್ದಕ್ಕೆ ಸರ್ ಕುರ್ಚಿಯಲ್ಲಿ ಒರಗಿಕೊಂಡು, "ನೋಡಮ್ಮ, ನೀನು ಪಕ್ಕದ ಸೀಟಿಗೆ ಬಹಳ ಚೆನ್ನಾಗಿ ಹೊಂದ್ತೀಯ. ಮೇಲಿನ ಜವಾಬ್ದಾರಿ ಎಲ್ಲ ಹೆಂಗಸರಿಗೆ ಯಾಕೆ ತಲೆನೋವು," ಅಂದ.

ಅವಳು ಜಗಳ ಆಡಲಿಲ್ಲ. ಕಾರಿನ ಕೀಲಿಯನ್ನು ಮೇಜಿನ ಮೇಲಿಟ್ಟು, ಚೀಲ ಹೆಗಲಿಗೇರಿಸಿಕೊಂಡು ಹೊರಗೆ ಬಂದಳು.

ಸ್ವಂತ ಸ್ಕೂಲು ತೆರೆಯುತ್ತೇನೆ ಅಂದಾಗ ಗಂಡ ಹೆದರಿದ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಅವನಿಗೆ ಕೆಲಸ. ಸಾಧು ಪ್ರಾಣಿ, ಯಾರ ಜೊತೆಗೂ ಎದುರುಮಾತಿಲ್ಲ. "ಅಂಥವರನ್ನ ಎದುರು ಹಾಕ್ಕೊಂಡು ಬದುಕೋಕಾಗುತ್ತೇನೆ?" ಅಂದ. "ಎದುರು ಹಾಕ್ಕೊಳ್ಳೋದು ಎಲ್ಲಿಂದ ಬಂತು? ನನ್ನ ಪಾಡಿಗೆ ನಾನು ಕಲಿಸ್ತೀನಿ," ಅಂದಳು. ಅದೇ ಹೊತ್ತಿಗೆ ಸರ್ ಒಂದು ಹಳೇ ಕಾರನ್ನು ದಲ್ಲಾಳಿಗೆ ಮಾರಿದ್ದ. ಬ್ರೇಕಕ್ಕ ಆರು ವರ್ಷ ಪಾಠ ಹೇಳಿದ್ದ ಕಾರೇ ಅದು. ಕ್ಲಚ್ ಎಲ್ಲಿ ಹಿಡಿಯುತ್ತದೆ, ಎಡಗಡೆ ಬಾಗಿಲು ಎಷ್ಟು ಜೋರಾಗಿ ಎಳೆದರೆ ಕೂರುತ್ತದೆ, ಎಲ್ಲ ಅವಳಿಗೆ ಅಂಗೈ ಗೆರೆಯಷ್ಟು ಪರಿಚಯ. ಎರಡನೇ ಬ್ರೇಕೂ ಹಾಗೇ ಇತ್ತು. ದಲ್ಲಾಳಿಯ ಹತ್ತಿರ ಅದನ್ನೇ ಕೊಂಡಳು. ಕಚೇರಿಗಳಿಗೆ ಅಲೆದು ಪರವಾನಗಿ ತಂದಳು, ಮನೆಯ ಮುಂದೆ ಬೋರ್ಡು ಹಾಕಿದಳು.

ಮೊದಲ ತಿಂಗಳಲ್ಲೇ ತೊಂದರೆ ಶುರುವಾಯಿತು. ಆ ಕ್ರೋಮ್ ಮುಖ ನೋಡಿದವರೆಲ್ಲ ಇದು ಸರ್ ಕಾರು ಅಂತಲೇ ತಿಳಿದರು. ಸರ್ ಕೂಡ ಸಿಕ್ಕಸಿಕ್ಕವರಿಗೆ, "ನಾನು ಬಿಸಾಕಿದ ಕಾರಲ್ಲಿ ಅವಳ ಸಂಸಾರ ನಡೀತಿದೆ, ನಡೀಲಿ ಪಾಪ," ಅಂತ ಹೇಳಿಕೊಂಡು ತಿರುಗಿದ. ಅದನ್ನೂ ಅವಳು ನುಂಗಿಕೊಂಡಿದ್ದಳು. ಆದರೆ ಗಣಿತದ ಟೀಚರ್ ಬಂದು ಹೇಳಿದ ಸಂಗತಿ ಗಂಟಲಲ್ಲಿ ಇಳಿಯಲಿಲ್ಲ.

ಟೀಚರ್‌ಗೆ ಐವತ್ತಮೂರು ವರ್ಷ. ಇನ್ನೆರಡು ವರ್ಷದಲ್ಲಿ ಬಸ್ಸಿಗೆ ಕಾಯುವುದನ್ನು ಬಿಟ್ಟುಬಿಡಬೇಕು ಅಂತ ತೀರ್ಮಾನ ಮಾಡಿ ಡ್ರೈವಿಂಗ್ ಕಲಿಯಲು ಹೊರಟವರು. "ನಿಮ್ಮನ್ನೇ ಹುಡುಕ್ಕೊಂಡು ಬಂದೆ. ಕಾರು ನೋಡಿ ಮೋಸ ಹೋಗಿ ಮೊದಲು ಆ ಸರ್ ಆಫೀಸಿಗೆ ಹೋಗಿದ್ದೆ. ನಿಮ್ಮ ಹೆಸರು ಹೇಳಿದ್ರೆ, ಅವಳೂ ನಮ್ಮ ಕೈಕೆಳಗಿನವಳೇ, ಇಲ್ಲೇ ದುಡ್ಡು ಕಟ್ಟಿ ಅಂದ್ರು. ಎದ್ದು ಬಂದೆ."

ಬ್ರೇಕಕ್ಕ ಹೊರಗೆ ಬಂದು ಕಾರಿನ ಮುಂದೆ ನಿಂತಳು. ಮಧ್ಯಾಹ್ನದ ಬಿಸಿಲಿಗೆ ಆ ಗ್ರಿಲ್ಲು ಕಣ್ಣಿಗೆ ಕುಕ್ಕುತ್ತಿತ್ತು. ಅದರೊಳಗೆ ಅವಳದೇ ಮುಖ ಉದ್ದುದ್ದಕ್ಕೆ ಸೀಳಿ ಕಾಣುತ್ತಿತ್ತು.

"ನಾಳೆಯಿಂದ ಮೋಸ ಹೋಗಲ್ಲ ಟೀಚರ್," ಅಂದಳು.

ಮೊದಲು ಹೋದದ್ದು ಪೇಂಟಿಂಗ್ ಶೆಡ್ಡಿಗೆ. ಶೆಡ್ಡಿನವನು ಗ್ರಿಲ್ಲನ್ನೂ ಅವಳನ್ನೂ ನೋಡಿ, "ಕ್ರೋಮ್ ಮೇಲೆ ಬಣ್ಣ ನಿಲ್ಲಲ್ಲಕ್ಕ. ಹೊಸ ಕಪ್ಪು ಗ್ರಿಲ್ ತರಿಸಿ ಹಾಕಬೇಕು," ಅಂದ. ಅದರ ಬೆಲೆ ಕೇಳಿ ಅವಳು ಬೇಡ ಅಂದಳು. ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿದ. "ಅಲ್ಲದೆ ಸರ್ ಗಾಡಿಗಳೆಲ್ಲ ನನ್ನ ಹತ್ರಾನೇ ಬರೋದು. ನಂಗೆ ಯಾಕಕ್ಕ ಈ ಉಸಾಬರಿ."

"ಸರಿ, ಬಿಡು. ನಾನೇ ಮಾಡ್ಕೋತೀನಿ."

"ನೀವಾ?"

"ಯಾಕೆ, ನಂಗೇನು ಕೈಯಿಲ್ವಾ?"

ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗವಾಗಿ ಸಿಕ್ಕಿದ್ದು ವೈರಿಗೆ ಸುತ್ತುವ ಕಪ್ಪು ಟೇಪು. ಭಾನುವಾರ ಬೆಳಿಗ್ಗೆ ಕಾರಿನ ಮುಂದೆ ಮಣೆ ಹಾಕಿಕೊಂಡು ಕೂತು ಒಂದೊಂದೇ ಪಟ್ಟಿಗೆ ಟೇಪು ಎಳೆದು ಅಂಟಿಸಿದಳು. ಮೂಲೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ ಒಳಗೆ ಮಡಚಿದಳು. ಸಂಜೆಗೆ ನೋಡಿದರೆ ಚೆನ್ನಾಗಿಯೇ ಇತ್ತು. ನಾಲ್ಕು ದಿನದ ಬಿಸಿಲಿಗೆ ಅಂಟು ಕರಗಿತು. ಟೇಪಿನ ತುದಿಗಳು ಎದ್ದು, ಕಾರು ಓಡುವಾಗ ಮೀಸೆಯ ಹಾಗೆ ಹಾರಾಡತೊಡಗಿದವು. ಕಿತ್ತು ಹಾಕಿ, ಉಳಿದ ಅಂಟನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಉಜ್ಜಿ ತೆಗೆಯುವಷ್ಟರಲ್ಲಿ ಅವಳ ಸೊಂಟ ಬಿದ್ದುಹೋಯಿತು.

ಆಮೇಲೆ ಒಂದು ಸ್ಪ್ರೇ ಡಬ್ಬಿ ತಂದಳು. ಸುತ್ತ ಹಳೇ ಪೇಪರು ಅಂಟಿಸಿ, ಕ್ರೋಮ್ ಮೇಲೆ ನೇರವಾಗಿ ಬಣ್ಣ ಹೊಡೆದಳು. ಒಂದೇ ಸಲಕ್ಕೆ ಮುಗಿಯಲಿ ಅಂತ ದಪ್ಪಗೆ ಹೊಡೆದಳು. ಬಣ್ಣ ಒಣಗಿತು, ಕಪ್ಪಗಾಯಿತು, ಅವಳ ಮುಖ ಅರಳಿತು. ಒಂಬತ್ತನೇ ದಿನ ಪೆಟ್ರೋಲ್ ಬಂಕಿನ ಪಕ್ಕ ಕಾರು ತೊಳೆಸುತ್ತಿದ್ದಾಗ ಪೈಪಿನ ನೀರು ರಭಸಕ್ಕೆ ಬಿದ್ದದ್ದೇ ತಡ, ಬಣ್ಣ ಹಾವಿನ ಪೊರೆಯ ಹಾಗೆ ಸುಲಿದುಕೊಂಡು ಬಂತು. ಹಿಂದಿನ ಸಾಲಿನಲ್ಲಿ ನಿಂತಿದ್ದದ್ದು ಸರ್ ಕಾರು. ಒಳಗೆ ಸರ್, ಅಳಿಯ, ಇಬ್ಬರು ಕಲಿಯುವವರು.

ಸರ್ ಇಳಿದು ಬಂದ. ಚರ್ಮ ಎದ್ದ ಗ್ರಿಲ್ಲನ್ನು ಬಗ್ಗಿ ನೋಡಿ, ಎಲ್ಲರಿಗೂ ಕೇಳುವ ಹಾಗೆ, "ಏನಮ್ಮ ಇದು, ಕಾರಿಗೆ ಕಜ್ಜಿ ಆಗಿದೆಯಲ್ಲ," ಅಂದ. ಅಳಿಯ ಹೊಟ್ಟೆ ಹಿಡಿದುಕೊಂಡು ನಕ್ಕ. ಸರ್ ಮುಂದುವರಿಸಿದ: "ಅಷ್ಟು ಚೆಂದದ ಮುಖಾನ ಹಾಳು ಮಾಡಿದೆ. ಉಜ್ಜಿ ಮೊದಲಿನ ಹಾಗೆ ಮಾಡ್ಕೋ. ಬಣ್ಣ ಹೊಡೆದ ಮಾತ್ರಕ್ಕೆ ಅದು ನಂದಲ್ಲ ಅಂತ ಆಗಲ್ಲ."

ಅವಳ ಕಿವಿ ಬಿಸಿಯಾಯಿತು. ಆದರೂ ನೆಲ ನೋಡಲಿಲ್ಲ. "ನಂದು ಅಂತ ಕಾಗದದಲ್ಲಿದೆ ಸರ್. ಕಾರಿನ ಮುಖದ ಮೇಲೂ ಬರುತ್ತೆ, ಸ್ವಲ್ಪ ತಡೀರಿ," ಅಂದು, ಆ ಸುಲಿದ ಮುಖದಲ್ಲೇ, ಇದ್ದ ಬೀದಿಗಳಲ್ಲೆಲ್ಲ ದೊಡ್ಡ ಬೀದಿಯಲ್ಲೇ ಕಾರು ಓಡಿಸಿಕೊಂಡು ಮನೆಗೆ ಬಂದಳು.

ಪಡಸಾಲೆಯಲ್ಲಿ ಮಾವ ರೇಡಿಯೋ ಹಚ್ಚಿಕೊಂಡು ಕೂತಿದ್ದರು. ಬಸ್ ಡಿಪೋದಲ್ಲಿ ಪೇಂಟರ್ ಆಗಿದ್ದವರು. ಕಣ್ಣಿನ ಆಪರೇಷನ್ ಮಾಡಿಸಿದರೂ ದೃಷ್ಟಿ ಮರಳಿರಲಿಲ್ಲ. ಬೆಳಕು, ನೆರಳು, ಓಡಾಡುವ ಆಕಾರ, ಇಷ್ಟೇ ಕಾಣುತ್ತಿತ್ತು. ಸೊಸೆ ಮೆಟ್ಟಿಲ ಮೇಲೆ ಧೊಪ್ಪನೆ ಕೂತದ್ದು ಕೇಳಿ ರೇಡಿಯೋ ಆರಿಸಿದರು.

"ಕಿತ್ಕೊಂಡು ಬಂತಾ?"

"ಬಂತು ಮಾವ."

"ಬರದೆ ಏನಾಗುತ್ತೆ? ವಾಸನೆಯಲ್ಲೇ ಗೊತ್ತಾಯ್ತು ಅವತ್ತು, ಬಣ್ಣ ಹಿಡಿಯೋಕೆ ಅಡಿಗೆ ಹಾಕೋ ಪ್ರೈಮರ್ ನೀನು ಹೊಡೀಲಿಲ್ಲ ಅಂತ." ರೇಡಿಯೋ ಪಕ್ಕಕ್ಕೆ ಸರಿಸಿದರು. "ಮೂವತ್ತನಾಲ್ಕು ವರ್ಷ ಬಸ್ಸಿಗೆ ಬಣ್ಣ ಹೊಡೆದವನು ಮನೇಲೇ ಕೂತಿದ್ದೀನಿ. ಒಂದು ಮಾತು ಕೇಳಬಾರದಾಗಿತ್ತಾ?"

ಅವಳು ಅವರ ಕಡೆ ತಿರುಗಿದಳು. "ನಿಮಗೆ ಯಾಕೆ ತೊಂದರೆ ಅಂತ..."

"ಕಣ್ಣು ಹೋಗಿದೆ ಕಣಮ್ಮ, ಬೆರಳು ಎಲ್ಲಿ ಹೋಗಿದಾವೆ? ಮೊದಲು ಅದನ್ನ ಬಿಚ್ಚಿ ತಂದು ನನ್ನ ಮುಂದೆ ಇಡು. ಕಾರಿನ ಮೇಲೇ ಇಟ್ಕೊಂಡು ಹೊಡೆಯೋದು ಸೋಮಾರಿಗಳ ಕೆಲಸ."

ಬಾನೆಟ್ ಎತ್ತಿ, ನಾಲ್ಕು ಸ್ಕ್ರೂ ಬಿಚ್ಚಿ, ಪ್ಲಾಸ್ಟಿಕ್ ಕ್ಲಿಪ್ಪುಗಳನ್ನು ಒಂದೊಂದಾಗಿ ಮೀಟಿ ಗ್ರಿಲ್ಲನ್ನು ಹೊರತೆಗೆದಳು. ಒಂದು ಕ್ಲಿಪ್ಪು ಮುರಿಯಿತು. ಅದಕ್ಕೆ ತೆಳು ತಂತಿ ಬಿಗಿದರಾಯಿತು ಅಂದರು ಮಾವ. ಬಚ್ಚಲಲ್ಲಿ ಪಾತ್ರೆ ತೊಳೆಯುವ ಸೋಪು ಹಾಕಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸಂದುಗೊಂದುಗಳ ಜಿಡ್ಡು ತೆಗೆದಳು. ಆಮೇಲೆ ಶುರುವಾಯಿತು ತಿಕ್ಕುವ ಕೆಲಸ. ನೀರಿನಲ್ಲಿ ನೆನೆಸಿದ ಉಪ್ಪುಕಾಗದ, ಮೊದಲು ತುಸು ಒರಟಿನದು, ಆಮೇಲೆ ನಯದ್ದು. ಅರ್ಧ ಗಂಟೆಗೊಮ್ಮೆ ಮಾವನ ತೊಡೆಯ ಮೇಲೆ ಇಡುವಳು. ಅವರು ಕಣ್ಣು ಮುಚ್ಚಿಕೊಂಡು ಪಟ್ಟಿಪಟ್ಟಿಯ ಮೇಲೂ ಬೆರಳು ಆಡಿಸುವರು.

"ಇಲ್ಲಿ ಇನ್ನೂ ಜಾರ್ತಾ ಇದೆ. ತಿಕ್ಕು."

ಮತ್ತೆ ತಿಕ್ಕಿ ತಂದರೆ, "ಮೇಲಿನ ಅಂಚು ಬಿಟ್ಟಿದ್ದೀಯ. ಹೊಳಪು ಒಂದಿಷ್ಟು ಉಳಿದರೂ ಬಣ್ಣ ಅಲ್ಲಿಂದಲೇ ಏಳುತ್ತೆ. ತಿಕ್ಕು."

ಎರಡು ದಿನ ತಿಕ್ಕಿದಳು. ಪಾಠದ ನಡುವೆ ಬಿಡುವು ಸಿಕ್ಕಾಗಲೆಲ್ಲ ತಿಕ್ಕಿದಳು. ಗ್ರಿಲ್ಲಿಲ್ಲದ ಕಾರು ಬಾಯಿ ತೆರೆದುಕೊಂಡೇ ಓಡಾಡಿತು. ಜನ ನಕ್ಕರು, ಅವಳು ಸೊಪ್ಪು ಹಾಕಲಿಲ್ಲ. ಉಗುರು ಸವೆದವು. ಕನ್ನಡಿಯಂತಿದ್ದ ಕ್ರೋಮು ಮಂಕಾಗಿ, ಬೂದಿ ಬಳಿದ ಹಾಗೆ ಆಯಿತು. ಆಗ ಮಾವನ ಬೆರಳು ಎಲ್ಲೂ ನಿಲ್ಲದೆ ಕೊನೆಯವರೆಗೂ ಹೋಯಿತು. "ಹೂಂ, ಈಗ ಸ್ಪಿರಿಟ್ಟಲ್ಲಿ ಒರೆಸು. ಒರೆಸಿದ ಮೇಲೆ ಬರಿಗೈಲಿ ಮುಟ್ಟಬೇಡ, ನನ್ನನ್ನೂ ಮುಟ್ಟೋಕೆ ಬಿಡಬೇಡ."

ಗಾಳಿಯಿಲ್ಲದ, ಧೂಳಿಲ್ಲದ ಬೆಳಿಗ್ಗೆಗಾಗಿ ಕಾದರು. ಹಿತ್ತಿಲಲ್ಲಿ ಹಗ್ಗ ಕಟ್ಟಿ ಗ್ರಿಲ್ಲನ್ನು ತೂಗುಹಾಕಿದರು. ಮೊದಲು ಪ್ಲಾಸ್ಟಿಕ್ಕಿಗೆ ಹಿಡಿಯುವ ಪ್ರೈಮರ್. ಅದು ಒಣಗಿದ ಮೇಲೆ ಹೊಳಪಿಲ್ಲದ ಕಪ್ಪು. ಮಾವ ಕುರ್ಚಿಯಲ್ಲಿ ಕೂತು ಡಬ್ಬಿಯ ಸದ್ದಿಗೇ ಕಿವಿಗೊಟ್ಟಿದ್ದರು. ಸದ್ದು ಒಂದೇ ಕಡೆ ನಿಂತರೆ, "ನಿಲ್ಲಿಸಬೇಡ, ಕೈ ಓಡ್ತಾ ಇರಲಿ. ಒಂದು ಗೇಣು ದೂರದಿಂದ. ತೆಳ್ಳಗೆ. ಮೊದಲ ಕೋಟಲ್ಲಿ ಕಪ್ಪಾಗಲೇಬೇಕು ಅಂತ ಆಸೆಪಡಬೇಡ," ಅನ್ನುವರು. ಒಂದೊಂದು ಕೋಟಿಗೂ ಕಾಲು ಗಂಟೆ ಬಿಡುವು, ಹಾಗೆ ನಾಲ್ಕು ಕೋಟು, ಮೇಲೆ ಹೊಳಪು ಕೊಡದ ಮ್ಯಾಟ್ ವಾರ್ನಿಷ್ ಎರಡು ಕೋಟು. ಗಂಡ ಕೆಲಸಕ್ಕೆ ಹೊರಟವನು ಬಾಗಿಲಲ್ಲಿ ನಿಂತು ನೋಡಿದ. ಅಪ್ಪ ಇಷ್ಟೊಂದು ಮಾತಾಡಿ ಎಷ್ಟು ವರ್ಷವಾಯಿತೋ ಅವನಿಗೆ ನೆನಪಾಗಲಿಲ್ಲ. ನೊಣ ಕೂರದ ಹಾಗೆ ಒಂದು ಹಳೇ ಸೊಳ್ಳೆಪರದೆ ತಂದು ಸುತ್ತ ಕಟ್ಟಿ ಹೋದ.

ಮೂರನೇ ದಿನ ಕೂರಿಸಿದಳು. ಬಿಳೀ ಕಾರಿಗೆ ಕಪ್ಪು ಮುಖ. ತುಟಿ ಬಿಗಿದುಕೊಂಡು, ನಿನ್ನ ಪಾಡಿಗೆ ನೀನು ಹೋಗು ಅನ್ನುವ ಹಾಗಿತ್ತು.

ಗಣಿತದ ಟೀಚರ್ ಪರೀಕ್ಷೆಯ ದಿನ ಲೈಸೆನ್ಸ್ ಮೈದಾನಕ್ಕೆ ಅದೇ ಕಾರಿನಲ್ಲಿ ಹೋದರು. ಸರ್ ತನ್ನ ನಾಲ್ಕು ಕಾರುಗಳ ಜೊತೆ ಅಲ್ಲೇ ಇದ್ದ. ಕಪ್ಪು ಗ್ರಿಲ್ ಕಂಡವನೇ ಇನ್ಸ್‌ಪೆಕ್ಟರ್ ಹತ್ತಿರ ಹೋದ. "ಕಾರಿನ ರೂಪಾನೇ ಬದಲಾಯಿಸಿದಾರೆ ಸಾಹೇಬ್ರೆ. ಇದರಲ್ಲಿ ಟೆಸ್ಟ್ ಕೊಡಬಹುದಾ?"

ಇನ್ಸ್‌ಪೆಕ್ಟರ್ ಕಾಗದಪತ್ರ ತೆಗೆದುಕೊಂಡು ಕಾರಿನ ಸುತ್ತ ಒಂದು ಸುತ್ತು ಬಂದರು. ದೀಪ ಹಾಕಿಸಿದರು, ನಂಬರ್ ಪ್ಲೇಟ್ ನೋಡಿದರು, ಎರಡನೇ ಬ್ರೇಕನ್ನು ತಾವೇ ಒತ್ತಿದರು. "ಬಿಳೀ ಕಾರು ಅಂತ ಬರೆದಿದೆ, ಬಿಳೀ ಕಾರೇ ಇದೆ. ಗ್ರಿಲ್ಲಿನ ಬಣ್ಣ ನಾನು ಯಾಕೆ ಕೇಳಲಿ? ಹಾಗೆ ನೋಡಿದ್ರೆ ನಿಮ್ಮವಕ್ಕೆ ಕಂಪನಿ ಗ್ರಿಲ್ಲೇ ಇಲ್ಲವಲ್ಲ." ಸರ್ ಕೆಮ್ಮಿ ಹಿಂದೆ ಸರಿದ.

ಇನ್ಸ್‌ಪೆಕ್ಟರ್ ಪಕ್ಕದಲ್ಲಿ ಕೂತರು, ಬ್ರೇಕಕ್ಕ ಬೇಲಿಯ ಹೊರಗೆ ನಿಂತಳು. ಕಂಬಗಳ ನಡುವೆ ರಿವರ್ಸ್ ಸಲೀಸಾಗಿ ಆಯಿತು. ದಿಬ್ಬದ ಮೇಲೆ ಇಂಜಿನ್ ಆಫ್ ಆಯಿತು, ಕಾರು ಒಂದು ಗೇಣು ಹಿಂದಕ್ಕೆ ಜಾರಿತು. ಬ್ರೇಕಕ್ಕನ ಬಲಗಾಲು ತಾನಾಗಿ ನೆಲವನ್ನು ಒತ್ತಿತು. ಒಳಗೆ ಟೀಚರ್ ಗಾಬರಿಯಾಗಲಿಲ್ಲ. ತಾವೇ ಬ್ರೇಕ್ ಹಿಡಿದು, ಸ್ಟಾರ್ಟ್ ಮಾಡಿ, ಕ್ಲಚ್ ಹದವಾಗಿ ಬಿಟ್ಟು ಮೇಲೆ ಹತ್ತಿಸಿದರು. ಪಾಸು.

ಹೊರಡುವಾಗ ಸರ್ ಅಡ್ಡ ಬಂದ. ಈ ಸಲ ನಗು ಇರಲಿಲ್ಲ. "ಎಷ್ಟು ದಿನ ನಿಲ್ಲುತ್ತೆ ಅದು? ಮಳೆಗಾಲ ಬರಲಿ."

"ಬರಲಿ ಸರ್. ಕಿತ್ತುಬಂದ್ರೆ ಮತ್ತೆ ತಿಕ್ಕಿ ಮತ್ತೆ ಹಚ್ತೀನಿ. ಹೇಗೆ ಅಂತ ಈಗ ಗೊತ್ತಾಗಿದೆ."

ಮಳೆಗಾಲ ಬಂತು, ಹೋಯಿತು. ಹೆದ್ದಾರಿಯ ಕಲ್ಲು ತಗುಲಿ ಎರಡು ಕಡೆ ಕಡಲೆಕಾಳಿನಷ್ಟು ಬಣ್ಣ ಹಾರಿತ್ತು, ಅಷ್ಟೇ. ಅದನ್ನು ಸಣ್ಣ ಬ್ರಷ್ಷಿನಲ್ಲಿ ತಿದ್ದಿದಳು. ಈಗ ಕಪ್ಪು ಮೂತಿ ಕಾರಿನ ಸ್ಕೂಲು ಎಲ್ಲಿ ಅಂತ ಕೇಳಿಕೊಂಡು ಜನ ಬರುತ್ತಾರೆ. ಒಂದು ದಿನ ಶೆಡ್ಡಿನವನೂ ಬಂದ. ಗ್ರಿಲ್ಲನ್ನು ಉಗುರಿನಲ್ಲಿ ಕೆರೆದು ನೋಡಿ, "ಯಾವ ಪ್ರೈಮರ್ ಅಕ್ಕ?" ಅಂದ. ಅವಳಿಗೆ ಒಂದು ಕ್ಷಣ, ನಿಂಗೆ ಯಾಕೆ ಈ ಉಸಾಬರಿ ಅನ್ನೋಣ ಅನಿಸಿತು. ಅನ್ನಲಿಲ್ಲ. "ಒಳಗೆ ಮಾವ ಇದ್ದಾರೆ, ಹೋಗಿ ಕೇಳು," ಅಂದಳು. ಅವನು ಒಳಗೆ ಹೋದವನು ಒಂದು ಗಂಟೆ ಹೊರಗೆ ಬರಲಿಲ್ಲ.