ಹನ್ನೆರಡನೆಯ ಗೆಣ್ಣು

ಕಳೆದ ವಾರ ರಿಪೇರಿಯಾಗಿ ಮರಳಿ ಬಂದ ಮೇಜಿನ ಗಡಿಯಾರದ ಹಿಂಬದಿಯಿಂದ ಸಣ್ಣಗೆ ಪೆಟ್ರೋಲಿನ ವಾಸನೆ ಬರುತ್ತಿತ್ತು. ಚಕ್ರಗಳನ್ನು ತೊಳೆದು ಮತ್ತೆ ಜೋಡಿಸಿದ ಗಡಿಯಾರಕ್ಕೆ ಈ ವಾಸನೆ ಒಂದೆರಡು ದಿನ ಅಂಟಿಕೊಂಡಿರುತ್ತದೆ. ನನಗೆ ಮಾತ್ರ ಅದು ಲಿಂಗಸುಗೂರಿನ ಒಂದು ಕಿರಿದಾದ ಅಂಗಡಿಯ ವಾಸನೆ... ಅಲ್ಲಿ ಕೂತು ಗಡಿಯಾರ ಬಿಚ್ಚುತ್ತಿದ್ದವರನ್ನು ಊರೆಲ್ಲ ಕಾಕಾ ಎಂದೇ ಕರೆಯುತ್ತಿತ್ತು.

ನನ್ನ ನೆನಪು ಈ ಪ್ರಸಂಗವನ್ನು ಮಹಾಯುದ್ಧ ಮುಗಿದ ನಂತರಕ್ಕೆ ಇಟ್ಟಿತ್ತು. ಹಳೆಯ ದಿನಚರಿ ಬೇರೆಯೇ ಹೇಳುತ್ತದೆ. ನಿಜಾಮ ಸರ್ಕಾರದ ನೌಕರರಾದ ನಾವು ಫಸಲಿ ತಿಂಗಳುಗಳಲ್ಲೇ ದಿನ ಗುರುತಿಸುತ್ತಿದ್ದೆವು. ಆ ಪುಟದಲ್ಲಿ ಇಸವಿಯಿಲ್ಲ, ತೀರ್ ತಿಂಗಳೆಂದಷ್ಟೇ ಇದೆ, ಎಂದರೆ ಸುಮಾರಾಗಿ ಮೇ. ಮಸ್ಕಿಗೆ ಇದ್ದಿಲ ಗ್ಯಾಸಿನ ಬಸ್ಸಿನಲ್ಲಿ ಹೋದೆನೆಂದೂ ಬರೆದಿದ್ದೇನೆ. ಪೆಟ್ರೋಲಿನ ಅಭಾವದಿಂದಾಗಿ ಹಾಗೆ ಬಸ್ಸು ಓಡಿಸಿದ್ದು ಯುದ್ಧ ನಡೆಯುತ್ತಿದ್ದಾಗ. ಆದ್ದರಿಂದ ನೆನಪನ್ನು ತಿದ್ದಿಕೊಂಡಿದ್ದೇನೆ.

ನಾನಾಗ ಲಿಂಗಸುಗೂರಿನ ಸರ್ಕಾರಿ ಬೀಜದ ಗೋದಾಮಿನಲ್ಲಿ ಗುಮಾಸ್ತ. ಬಿಡುವಿನಲ್ಲಿ ಇರುವೆಗಳನ್ನು ಹಿಡಿದು ಸ್ಪಿರಿಟ್ಟಿನಲ್ಲಿ ಇಡುವುದು ನನ್ನ ಹವ್ಯಾಸ. ಗುರುಗುಂಟಾದ ಒಂದು ಒಣಹೊಲದ ಕಲ್ಲಿನಡಿ ಕೆಂಪು ಛಾಯೆಯ, ಸೊಂಟದಲ್ಲಿ ಎರಡು ಗಂಟುಗಳುಳ್ಳ ಒಂದು ಇರುವೆ ಸಿಕ್ಕಿತ್ತು. ಅಂಥದು ಮತ್ತೊಂದು ಎಷ್ಟು ಹುಡುಕಿದರೂ ಸಿಗಲಿಲ್ಲ. ವಿವರ ಬರೆದು, ಚಿತ್ರ ಬಿಡಿಸಿ, ದೂರದ ವಸ್ತುಸಂಗ್ರಹಾಲಯವೊಂದರ ಇರುವೆ ತಜ್ಞರಿಗೆ ಕಳಿಸಿದೆ. ಅವರ ಉತ್ತರ ಚಿಕ್ಕದು: ಈ ರೂಪದ ಇರುವೆಗಳು ಎರಡು ಕುಲಗಳಲ್ಲಿವೆ, ತಲೆಯ ಮೇಲಿನ ಕುಡಿಮೀಸೆಯ ಗೆಣ್ಣುಗಳನ್ನು ಎಣಿಸಿ, ಹನ್ನೊಂದಿದ್ದರೆ ಅದು ಎಲ್ಲೆಡೆ ಇರುವಂಥದು, ಕಳಿಸುವ ಶ್ರಮ ಬೇಡ, ಹನ್ನೆರಡಿದ್ದರೆ ತೆಂಕಣದ ಮಳೆಕಾಡಿನಾಚೆ ಯಾರೂ ಕಾಣದ ಪ್ರಭೇದವಿರಬಹುದು, ಕೂಡಲೇ ತಿಳಿಸಿ.

ಹೈದರಾಬಾದಿನ ಕೀಟ ವಿಭಾಗದಲ್ಲಿ ಆಗ ಒಂದು ಜಾಗ ಖಾಲಿಯಿತ್ತು. ತಜ್ಞರು ಇರುವೆಯನ್ನು ಒಪ್ಪಿದರೆ ನನ್ನ ಹೆಸರು ಶಿಫಾರಸು ಮಾಡುವುದಾಗಿ ಮೇಲಧಿಕಾರಿ ಹೇಳಿದ್ದರು. ಇಲ್ಲವಾದರೆ ಜೋಳದ ಚೀಲಗಳ ನಡುವೆಯೇ ನನ್ನ ನೌಕರಿ ಮುಗಿಯಬೇಕಿತ್ತು. ನನ್ನ ಭೂತಗನ್ನಡಿಯಲ್ಲಿ ಗೆಣ್ಣುಗಳು ಮಸುಕಾಗಿ ಒಮ್ಮೆ ಹನ್ನೊಂದಾಗಿ, ಒಮ್ಮೆ ಹನ್ನೆರಡಾಗಿ ಕಾಣುತ್ತಿದ್ದವು. ಕಡೆಗೆ ಗಾಜಿನ ನಳಿಕೆ ಹಿಡಿದು ಕಾಕಾನ ಅಂಗಡಿಗೆ ಹೋದೆ.

"ಎಣಸೋದು ನನಗ ಬಿಡು ತಮ್ಮಾ. ದಿನಾ ಚಕ್ರದ ಹಲ್ಲು ಎಣಸಾಕತ್ತೀನಿ," ಎಂದು ಅವರು ಎರಡು ಗಾಜುಗಳನ್ನು ಒಂದರ ಮೇಲೊಂದು ಕಣ್ಣಿಗೆ ಸಿಕ್ಕಿಸಿಕೊಂಡು ಬಾಗಿದರು. ಎದ್ದಾಗ, "ಹನ್ನೊಂದು," ಎಂದರು.

"ಇನ್ನೊಮ್ಮೆ ನೋಡ್ರಿ ಕಾಕಾ."

"ಇನ್ನೊಮ್ಮೆ ನೋಡಿದ್ರ ಮೀಸಿ ಬೆಳಿತೈತೇನಲೇ?" ಎಂದು ನಕ್ಕರೂ, ನನ್ನ ಮುಖ ಕಂಡು ಮತ್ತೆರಡು ಸಲ ಎಣಿಸಿದರು. ಹನ್ನೊಂದೇ. ಆ ನಳಿಕೆಯನ್ನು ಮನೆಗೆ ಒಯ್ಯುವ ಮನಸ್ಸೂ ಆಗಲಿಲ್ಲ. ತಜ್ಞರಿಗೆ ನಾಳೆ ಮಸ್ಕಿಯಲ್ಲೇ ಕಾಗದ ಹಾಕುವೆನೆಂದು ಹೇಳಿ, ಅದನ್ನು ಅವರ ಹಲಗೆಯ ಮೇಲೆಯೇ ಬಿಟ್ಟು ಬಂದೆ.

ಮರುದಿನ ಮಸ್ಕಿಯಲ್ಲಿ ಬೀಜ ಹಂಚುವ ಕೆಲಸ. ಬಸ್ಸಿಳಿದವನೇ, ಹನ್ನೊಂದೆಂದು ಬರೆದಿದ್ದ ಕಾಗದವನ್ನು ಟಪಾಲು ಡಬ್ಬಿಗೆ ಹಾಕಿದೆ. ಮಧ್ಯಾಹ್ನ ಚೀಲಗಳ ಸಾಲಿನ ನಡುವೆ ನಿಂತಿದ್ದಾಗ, ಇದ್ದಿಲಿನ ಮಸಿ ಮೆತ್ತಿದ ಮುಖದಲ್ಲಿ ಕಾಕಾ ಬರುತ್ತಿರುವುದು ಕಂಡಿತು. ಕೈಯಲ್ಲಿ ಅರಿವೆ ಸುತ್ತಿದ ನನ್ನ ನಳಿಕೆ.

"ಕಾಗದ ಹಾಕಿದೇನು?"

"ಮುಂಜಾನೆನೇ ಹಾಕೀನ್ರಿ."

"ಕೆಟ್ಟಿತು. ಹನ್ನೆರಡು ಅದಾವೋ ತಮ್ಮಾ!"

ಗಡಿಯಾರದ ಚಕ್ರದ ಹಲ್ಲು ಎಣಿಸುವಾಗ ಅವರು ಮೊದಲು ಒಂದು ಹಲ್ಲಿಗೆ ಮಸಿಯ ಚುಕ್ಕೆ ಇಡುತ್ತಿದ್ದರು. ಪಕ್ಕದ ಹಲ್ಲಿನಿಂದ ಎಣಿಸುತ್ತ ಸುತ್ತು ಬಂದು, ಚುಕ್ಕೆಯ ಹಲ್ಲನ್ನು ಕೊನೆಯಲ್ಲಿ ಸೇರಿಸಿಕೊಳ್ಳುವುದು ಅವರ ರೂಢಿ. ಇರುವೆಯ ತಲೆಗೆ ಹತ್ತಿದ ಉದ್ದನೆಯ ಮೊದಲ ಗೆಣ್ಣನ್ನು ಅವರು ಚುಕ್ಕೆಯ ಹಲ್ಲೆಂದೇ ಇಟ್ಟುಕೊಂಡಿದ್ದರು. ಆದರೆ ಕುಡಿಮೀಸೆ ಚಕ್ರವಲ್ಲ; ತುದಿ ಮುಟ್ಟಿದ ಎಣಿಕೆ ಮೊದಲಿಗೆ ಮರಳುವುದಿಲ್ಲ. ಮೂರು ಸಲವೂ ಆ ಒಂದು ಗೆಣ್ಣು ಲೆಕ್ಕದ ಹೊರಗೇ ಉಳಿದಿತ್ತು. ಆ ದಿನ ಬೆಳಿಗ್ಗೆ ಯಾವುದೋ ಚಕ್ರಕ್ಕೆ ಚುಕ್ಕೆ ಇಡುವಾಗ ಅದು ಹೊಳೆದು, ಅಂಗಡಿ ಮುಚ್ಚಿ ಬಸ್ಸು ಹತ್ತಿದ್ದರು.

ಇಬ್ಬರೂ ಟಪಾಲು ಕಚೇರಿಗೆ ಓಡಿದೆವು. ಚೀಲಕ್ಕೆ ಇನ್ನೂ ಅರಗಿನ ಮುದ್ರೆ ಬಿದ್ದಿರಲಿಲ್ಲ. ಆದರೆ ಪೋಸ್ಟ್ ಮಾಸ್ತರರು ತಲೆ ಅಲ್ಲಾಡಿಸಿದರು: "ಡಬ್ಬಿಗೆ ಬಿದ್ದ ಮ್ಯಾಲ ಅದು ಸರ್ಕಾರದ್ರಿ. ಬೇಕಂದ್ರ ಇನ್ನೊಂದು ಬರದು ಹಾಕ್ರಿ. ಒಂದರಾಗ ಹನ್ನೊಂದು, ಒಂದರಾಗ ಹನ್ನೆರಡು... ಓದಿದವ್ರು ನಗಂಗಿಲ್ಲೇನು?"

ನನಗೂ ಅದೇ ಭಯ. ಒಂದೇ ದಿನ ಎರಡು ಎಣಿಕೆ ಕೊಟ್ಟವನನ್ನು ಯಾವ ವಿದ್ವಾಂಸ ನಂಬಿಯಾನು? ಕಣ್ಣು ತಪ್ಪಿತ್ತೆಂದು ಬರೆಯಲು ಹೊರಟೆ. ಕಾಕಾ ಕೈ ಹಿಡಿದರು.

"ನಿನ್ನ ಕಣ್ಣ್ಯಾಕ? ತಪ್ಪು ನಂದು. ಗಡಿಯಾರ ರಿಪೇರಿಯವ ಎಣಿಸಿದ್ದ, ಚುಕ್ಕಿ ಇಟ್ಟು ಎಣಿಸಿ ಒಂದು ಬಿಟ್ಟಾನ ಅಂತ ಇದ್ದದ್ದು ಇದ್ಹಂಗ ಬರಿ."

"ನಿಮ್ಮನ್ನ ಹೆಡ್ಡ ಅಂದಾರ್ರಿ ಕಾಕಾ."

"ಅನ್ಲಿ ಬಿಡು. ಅವರೇನು ನನ್ನ ಕಡಿ ಗಡಿಯಾರ ತರೋರೇನು?"

ಇದ್ದದ್ದು ಇದ್ದ ಹಾಗೆ ಬರೆದೆ. ಚಕ್ರದ ಒಂದು ಚಿತ್ರವನ್ನೂ ಬಿಡಿಸಿದೆ. ಎರಡೂ ಕಾಗದಗಳು ಒಂದೇ ಚೀಲದಲ್ಲಿ ಹೋದವು.

ಆಮೇಲಿನ ದಿನಗಳಲ್ಲಿ ಅಂಗಡಿಯ ಮುಂದೆ ಹಾದಾಗಲೆಲ್ಲ ಕಾಕಾ ಕಣ್ಣಿನ ಗಾಜು ತೆಗೆದು ಹುಬ್ಬೇರಿಸುವರು, ನಾನು ಇನ್ನೂ ಇಲ್ಲವೆಂದು ತಲೆಯಾಡಿಸಿ ಮುಂದೆ ಹೋಗುವೆನು. ಕಡೆಗೊಂದು ದಿನ ಉತ್ತರ ಬಂತು. ತಪ್ಪಿನ ಕಾರಣ ಇಷ್ಟು ಸ್ಪಷ್ಟವಾಗಿರುವುದರಿಂದ ಎರಡನೆಯ ಎಣಿಕೆಯನ್ನು ನಂಬುತ್ತೇನೆ, ಇರುವೆಯನ್ನು ಕಳಿಸಿ ಎಂದು ತಜ್ಞರು ಬರೆದಿದ್ದರು. ಕಳಿಸಿದೆ. ಅದು ಆ ಅಪರೂಪದ ಪ್ರಭೇದವೇ ಎಂಬ ನಿರ್ಣಯ ಬಂದ ದಿನ ಓಡುತ್ತ ಹೋಗಿ ಕಾಕಾನಿಗೆ ಓದಿ ಹೇಳಿದೆ. ತೆಂಕಣದ ಕಾಡು, ಪ್ರಭೇದದ ಹೆಸರು, ನನ್ನ ಶಿಫಾರಸು, ಎಲ್ಲವನ್ನೂ ಕೇಳಿದರು. "ಅವರು ಎಣಿಸಿದ್ರ ಎಷ್ಟು ಬಂತು?" ಎಂದಷ್ಟೇ ವಿಚಾರಿಸಿದರು.

"ಹನ್ನೆರಡ್ರಿ."

"ಹಾಂ," ಎಂದು ಉಸಿರು ಬಿಟ್ಟರು. ಅಷ್ಟು ದಿನಗಳ ಉಸಿರನ್ನು ಒಮ್ಮೆಗೇ ಬಿಟ್ಟಂತಿತ್ತು. ನಂತರ ಚಹಾ ತರಿಸಿದರು.

ನಾನು ಹೈದರಾಬಾದಿಗೆ ಹೋದೆ. ನೌಕರಿಯುದ್ದಕ್ಕೂ ಕೀಟಗಳ ನಡುವೆಯೇ ಉಳಿದೆ. ಕಾಕಾನಿಗೆ ಕಾಗದ ಬರೆಯುವುದು ಮಾತ್ರ ನಾಳೆ ನಾಳೆಯೆಂದು ಮುಂದೆ ಹೋಯಿತು... ನಿರ್ಣಯ ಬಂದ ದಿನ ಅವರು ಅಂಗಡಿಯಲ್ಲಿದ್ದರು, ಅದನ್ನು ಕೇಳಿದರು ಎಂಬುದೇ ನನ್ನ ಪಾಲಿನ ಸಮಾಧಾನ.

ಇದನ್ನು ಬರೆಯುವ ಮುನ್ನ ಪ್ರತಿಯೊಂದು ದಿನವನ್ನೂ ಫಸಲಿಯಿಂದ ಇಂಗ್ಲಿಷ್ ತಾರೀಖಿಗೆ ತಂದು ತಾಳೆ ನೋಡಿದೆ. ಇರುವೆ ಸಿಕ್ಕಿದ್ದು, ಕಾಗದಗಳು ಹೋದದ್ದು, ನಿರ್ಣಯ ಬಂದದ್ದು ಎಲ್ಲ ಹೊಂದಿಕೊಂಡವು. ಕಾಕಾ ತೀರಿಕೊಂಡ ದಿನ ಮಾತ್ರ ಯಾವ ಕಾಗದದಲ್ಲೂ ಇಲ್ಲ. ಲಿಂಗಸುಗೂರಿನಲ್ಲಿ ವಿಚಾರಿಸಿದಾಗ ಹಳಬರೊಬ್ಬರು, "ಯಾವ್ದೋ ಬ್ಯಾಸಗ್ಯಾಗ ಹೋದ್ರು ನೋಡ್ರಿ," ಎಂದರು. ಅಂದಾಜಿನ ಒಂದು ಇಸವಿ ಬರೆಯಬಹುದಿತ್ತು. ಕೈ ಬರಲಿಲ್ಲ. ಆ ಜಾಗವನ್ನು ಖಾಲಿ ಬಿಟ್ಟಿದ್ದೇನೆ.