ಗಿರಿಜಾ ಆರಿಸಿದ ತೋಟ

ಹೋಳಿ ಹುಣ್ಣಿಮೆ ಕಳೆದ ಮೇಲೆ ನಾಗಪುರದ ಮರಗಳು ಎಲೆ ಉದುರಿಸಿಕೊಳ್ಳುವ ಕೆಲವು ದಿನಗಳಿರುತ್ತವೆ. ಧರಮಪೇಠದ ನಮ್ಮ ಮನೆಯ ಮುಂದೆ ರಸ್ತೆ ಗುಡಿಸುವ ಹೆಂಗಸು ಬೇವಿನೆಲೆ, ಅರಳಿ ಎಲೆಗಳನ್ನು ಉದ್ದನೆಯ ಕಸಬರಿಗೆಯಿಂದ ಒಂದೆಡೆ ಎಳೆದು ರಾಶಿ ಹಾಕುವಾಗ ಏಳುವ ಸರಸರ ಸದ್ದಿಗೆ ಆಗೆಲ್ಲ ನನಗೆ ಎಚ್ಚರವಾಗುತ್ತದೆ. ಆ ಸದ್ದು ಕಿವಿಗೆ ಬಿದ್ದರೆ ಸಾಕು, ನಾನು ಐವತ್ತಾರು ವರ್ಷದ ಹೆಂಗಸಾಗಿ ಉಳಿಯುವುದಿಲ್ಲ. ಲಕ್ಷ್ಮೀ ನಗರದ ಬಾಡಿಗೆ ಮನೆಯ ಮಹಡಿಯಲ್ಲಿ, ಇನ್ನೂ ಹಾಸಿಗೆ ಬಿಟ್ಟು ಏಳದ ಸಣ್ಣ ಹುಡುಗಿಯಾಗುತ್ತೇನೆ. ಒಳಗೆ ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ. ಬಡಿಯುವ ಕೈ ನಿಲ್ಲಿಸದೆ ಕೂಗಿ ಕೇಳುತ್ತಾಳೆ: "ವಿಜೀ, ಈ ವರ್ಷ ಯಾವ ತ್ವಾಟಕ್ಕ ಹೋಗೂಣು?"

ವರ್ಷಕ್ಕೊಂದು ಸಲ ಬರುತ್ತಿದ್ದ ಆ ಪ್ರಶ್ನೆ ನನ್ನೊಬ್ಬಳದಾಗಿತ್ತು. ಗದಗಿನ ಹತ್ತಿರದ ಹಳ್ಳಿಯೊಂದರಲ್ಲಿ ಸೇವಂತಿಗೆ ಬೆಳೆಯುವ ಮನೆಯಲ್ಲಿ ಹುಟ್ಟಿದ ಅವ್ವ, ಸರ್ಕಾರಿ ಕಚೇರಿಯ ಗುಮಾಸ್ತನನ್ನು ಮದುವೆಯಾಗಿ ಈ ಬಿಸಿಲೂರಿಗೆ ಬಂದವಳು. ಎರಡು ಕೋಣೆ, ಒಂದು ಗ್ಯಾಲರಿ, ಗ್ಯಾಲರಿಯಲ್ಲಿ ತಳಕ್ಕೆ ತೂತು ಕೊರೆದ ಎಣ್ಣೆ ಡಬ್ಬಿಗಳಲ್ಲಿ ತುಳಸಿ, ಎರಡು ಮಲ್ಲಿಗೆ ಗಿಡ, ಅಷ್ಟೇ ಅವಳ ಹೊಲ. ಚಳಿ ಹೋಗಿ ಸುಡುಬಿಸಿಲು ಬರುವ ಮೊದಲು ಒಂದು ಭಾನುವಾರ ಮಾತ್ರ ಅಡುಗೆಯನ್ನು ಬೇಗ ಮುಗಿಸಿ, ಅಪ್ಪನಿಗೆ ತಾಟು ಮುಚ್ಚಿಟ್ಟು, ನನ್ನನ್ನು ಕರೆದುಕೊಂಡು ಅವಳು ಒಂದು ತೋಟಕ್ಕೆ ಹೊರಡುತ್ತಿದ್ದಳು. ಯಾವ ತೋಟ ಎಂದು ನಾನು ಹೇಳಬೇಕು. ನಾನು ಪ್ರತಿ ವರ್ಷವೂ ಬಹಳ ಯೋಚಿಸಿದವಳಂತೆ ಮಾಡಿ ಕೊನೆಗೆ ಮಹಾರಾಜಬಾಗ್ ಎನ್ನುತ್ತಿದ್ದೆ, ಏಕೆಂದರೆ ಅಲ್ಲಿ ಪ್ರಾಣಿಗಳಿದ್ದವು. ಪಂಜರದಿಂದ ಪಂಜರಕ್ಕೆ ನಾನು ಎಳೆದಲ್ಲಿ ಅವ್ವ ಬರುತ್ತಿದ್ದಳು. ನವಿಲು ಗರಿ ಬಿಚ್ಚಲಿ ಎಂದು ನಾನು ಅರ್ಧ ಗಂಟೆ ಕಾದರೆ ಅವಳೂ ಕಾಯುತ್ತಿದ್ದಳು. ಆ ದಿನ ಅವಳ ಸೆರಗಿನ ಎರಡೂ ತುದಿ ನನ್ನವೇ.

ನನಗೆ ಹತ್ತು ತುಂಬಿದ ವರ್ಷ ಮಳೆಗಾಲದಲ್ಲಿ ಅವ್ವನ ತಂಗಿ ಕಾಮಾಲೆಯಾಗಿ ತೀರಿಕೊಂಡಳು. ಅವಳ ಗಂಡ ಗದಗಿನ ಒಂದು ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ, ಮನೆಯಲ್ಲಿ ಹೆಂಗಸರಿಲ್ಲ. ಅವ್ವ ಊರಿಗೆ ಹೋದವಳು ತಂಗಿಯ ಮಗಳು, ಹನ್ನೊಂದು ವರ್ಷದ ಗಿರಿಜಾಳ ಕೈ ಹಿಡಿದುಕೊಂಡು ಬಂದಳು. "ಅಕಿಗ ಅಕ್ಕಾ ಅನ್ನು. ನಿನಗಿಂತ ದೊಡ್ಡಾಕಿ," ಎಂದಳು. ನಾನು ಒಂದು ದಿನವೂ ಅನ್ನಲಿಲ್ಲ. ಗಿರಿಜಾ ಕಡಿಮೆ ಮಾತಿನ, ಎಡಗೈ ಬಳಸುವ, ತೆಳ್ಳನೆಯ ಹುಡುಗಿ. ನನ್ನ ಯಾವ ವಸ್ತುವನ್ನೂ ಮುಟ್ಟಲಿಲ್ಲ, ಯಾವುದಕ್ಕೂ ಹಟ ಮಾಡಲಿಲ್ಲ. ಅದೇ ನನಗೆ ಕಷ್ಟವಾಯಿತು. ಜಗಳ ತೆಗೆಯಲು ಅವಳು ಒಂದು ನೆಪವನ್ನೂ ಕೊಡುತ್ತಿರಲಿಲ್ಲ. ಅವಳು ನೀರು ಹಾಕತೊಡಗಿದ ಮೇಲೆ ಡಬ್ಬಿಯ ಮಲ್ಲಿಗೆಗಳು ಮೊಗ್ಗು ಬಿಟ್ಟವು. ಸಂಜೆ ಅವ್ವ ಅವಳ ತಲೆ ಬಾಚುತ್ತ ಕೂತರೆ, ಬಾಚಣಿಗೆ ನನ್ನ ತಲೆಯಲ್ಲಿ ಓಡುವುದಕ್ಕಿಂತ ನಿಧಾನವಾಗಿ ಓಡುತ್ತದೆ ಎಂದು ನನಗೆ ಅನ್ನಿಸುತ್ತಿತ್ತು. ಬಾಗಿಲ ಹಿಂದೆ ನಿಂತು ನಾನು ಎಣಿಸಿದ್ದೂ ಉಂಟು: ಅವಳಿಗೆ ಎಷ್ಟು ಸಲ, ನನಗೆ ಎಷ್ಟು ಸಲ.

ಸಂಕ್ರಾಂತಿಯ ಹೊತ್ತಿಗೆ ಕೆಳಗಿನ ಮನೆಯ ಮಾಲಕಿ, ನಾವೆಲ್ಲ ಆಜಿ ಎಂದು ಕರೆಯುತ್ತಿದ್ದ ಮರಾಠಿ ಮುದುಕಿ, ಮಹಡಿಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಪಾದ ಮುರಿದುಕೊಂಡಳು. ಎರಡು ತಿಂಗಳು ಅವಳಿಗೆ ನೀರು ತುಂಬಿಕೊಟ್ಟವಳು, ಕಾಲಿಗೆ ದಿಂಬು ಇಟ್ಟವಳು, ಚಹಾ ಕಾಸಿಕೊಟ್ಟವಳು, ಬೆಳಗಿನ ಪಾಳಿಯ ಶಾಲೆ ಮುಗಿಸಿ ಮಧ್ಯಾಹ್ನವೇ ಮನೆಗೆ ಬರುತ್ತಿದ್ದ ಗಿರಿಜಾ. ನಾನು ಶಾಲೆಯಿಂದ ಬರುವಾಗ ಆಜಿ ಕಿಟಕಿಯಲ್ಲೇ ಹಿಡಿದು ನಿಲ್ಲಿಸಿ, "ಕಿತೀ ಗುಣಾಚೀ ಪೋರ್ ಗ!" ಎನ್ನುತ್ತಿದ್ದಳು, ಎಂಥ ಗುಣವಂತ ಹುಡುಗಿ ಅಂತ. ನನ್ನ ಬಗ್ಗೆ ಅವಳು ಹಾಗೆಂದದ್ದು ನನಗೆ ನೆನಪಿಲ್ಲ. ನಾನು ಮೆಟ್ಟಿಲು ಹತ್ತುತ್ತಲೇ ಅವ್ವಾ ಎಂದು ಒದರುತ್ತಿದ್ದೆ.

ಹೋಳಿಯ ಬಣ್ಣ ಇನ್ನೂ ಕಿವಿಯ ಹಿಂದೆ ಉಳಿದಿದ್ದ ಒಂದು ಬೆಳಿಗ್ಗೆ ಅವ್ವ ಎಂದಿನಂತೆ ಕೂಗಿ ಕೇಳಿದಳು. ಆದರೆ ಆ ಸಲ ಕರೆದದ್ದು ಬೇರೆ ಹೆಸರು. "ಗಿರಿಜಾ, ಈ ವರ್ಷ ನೀ ಹೇಳವಾ. ಯಾವ ತ್ವಾಟಕ್ಕ ಹೋಗೂಣು?"

ನಾನು ಹಾಸಿಗೆಯಲ್ಲಿ ಹಾಗೇ ಬಿಗಿದುಕೊಂಡು ಮಲಗಿದೆ. ಗಿರಿಜಾಳಿಗೆ ಊರಿನ ಒಂದು ತೋಟದ ಹೆಸರೂ ಗೊತ್ತಿರಲಿಲ್ಲ. ಅವಳು, "ದೊಡ್ಡವ್ವಾ, ನಿಮಗ ಯಾವುದು ಸೇರತೈತ್ರಿ?" ಎಂದು ಕೇಳಿದಳು.

ರೊಟ್ಟಿಯ ಸದ್ದು ನಿಂತಿತು. "ನನಗ?" ಎಂದಳು ಅವ್ವ. ಆಮೇಲೆ, ಯಾರಿಗೂ ಹೇಳದ ಗುಟ್ಟು ಹೇಳುವವಳಂತೆ ದನಿ ತಗ್ಗಿಸಿದಳು. "ಕಾಮಠಿ ಹಾದ್ಯಾಗ ನಮ್ಮ ಕಡೆ ಸುಬೇದಾರರೊಬ್ಬರು ಪೆನ್ಶನ್ ಆದ ಮ್ಯಾಲ ಹೂವಿನ ತ್ವಾಟ ಮಾಡ್ಯಾರಂತ. ಒಮ್ಮೆ ನೋಡಬೇಕಂತ ಬಾಳ ವರ್ಷದಿಂದ ಐತಿ."

"ಹಂಗಾರ ಅಲ್ಲೇ ಹೋಗೂಣ್ರಿ."

ನಾನು ಎಷ್ಟೋ ವರ್ಷ ಉತ್ತರ ಹೇಳಿದ್ದೆ, ಒಂದು ವರ್ಷವೂ ತಿರುಗಿ ಕೇಳಿರಲಿಲ್ಲ. ಆ ಬೆಳಿಗ್ಗೆಯ ನನ್ನ ಹೊಟ್ಟೆಕಿಚ್ಚಿಗೆ ಕಾರಣ ಅವ್ವ ಅವಳನ್ನು ಕೇಳಿದ್ದಲ್ಲ, ಅವಳು ಅವ್ವನನ್ನು ಹಾಗೆ ತಿರುಗಿ ಕೇಳಬಲ್ಲಳು ಎಂಬುದು.

ಭಾನುವಾರ ಬಸ್ಸು ಹತ್ತಿ ಕಾಮಠಿ ಕಡೆ ಹೋದೆವು. ರಸ್ತೆಯಿಂದ ಒಳಗೆ ಮೊಳಕಾಲೆತ್ತರದ ಬೇಲಿ, ಒಂದು ಬಾವಿ, ಅದರ ಸುತ್ತ ಗುಲಾಬಿ, ಚೆಂಡುಹೂವು, ತಡವಾಗಿ ನೆಟ್ಟು ಇನ್ನೂ ಮುಗಿಯದ ಹಳದಿ ಸೇವಂತಿಗೆಯ ನಾಲ್ಕು ಸಾಲು. ಬಿಳಿ ಮೀಸೆಯ ಸುಬೇದಾರರು ಅವ್ವನ ಮಾತು ಕೇಳಿದ್ದೇ ಗುದ್ದಲಿ ಬಿಟ್ಟು ಎದ್ದರು. "ಬರ್ರಿ, ಬರ್ರಿ! ಕನ್ನಡ ಮಾತಾಡೂ ಮಂದಿ ಬಂದ್ರ ನಮಗ ಅವತ್ತ ಹಬ್ಬ." ಮಾರನೆಯ ದಿನದ ಪೇಟೆಗೆ ಹೂ ಬಿಡಿಸುವುದಿತ್ತು. ಅವ್ವ ತಾನೂ ಬಿಡಿಸುತ್ತೇನೆಂದಳು. ಸೀರೆಯನ್ನು ಮೇಲೆತ್ತಿ ಕಟ್ಟಿ ಸಾಲಿಗೆ ಇಳಿದ ಅವಳನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ಹೆಬ್ಬೆರಳ ಉಗುರಿನಿಂದ ತೊಟ್ಟು ಚಿವುಟಿ, ನೋಡದೆಯೇ ಮಡಿಲಿಗೆ ಹಾಕುತ್ತ, ಓಡಿದಂತೆ ಮುಂದೆ ಹೋಗುತ್ತಿದ್ದಳು. ಪಕ್ಕದ ಸಾಲಿನಲ್ಲಿ ಗಿರಿಜಾ ಸರಿಸಮ. ಅವ್ವ ಒಮ್ಮೆ ನಿಂತು ಅವಳ ಕೈಯನ್ನೇ ನೋಡಿದಳು. "ನಿಮ್ಮವ್ವನೂ ಹಿಂಗ, ಎಡಗೈಲೆ ಬಿಡಿಸ್ತಿದ್ಲು. ನನ್ನ ಸೋಲಿಸ್ತಿದ್ಲು," ಎಂದು ನಕ್ಕಳು. ತಂಗಿ ಸತ್ತ ಮೇಲೆ ಅವಳು ಬಾಯ್ತುಂಬ ನಕ್ಕದ್ದು ಅದೇ ಮೊದಲು. ನಾನು ಬಾವಿಯ ಕಟ್ಟೆಯ ಮೇಲೆ ಕೂತಿದ್ದೆ. ನನಗೆ ಹೂ ಬಿಡಿಸಲು ಬರುತ್ತಿರಲಿಲ್ಲ. ತೊಟ್ಟಿನ ಬದಲು ಟೊಂಗೆಯೇ ಮುರಿಯುತ್ತಿತ್ತು.

ಸುಬೇದಾರರು ಅವ್ವನನ್ನು ಚಹಾಕ್ಕೆ ಒಳಗೆ ಕರೆದರು. ಗಿರಿಜಾ ಸಾಲಿನಲ್ಲೇ ಉಳಿದಳು. ನಾನು ಹೋಗಿ ಅವಳ ಪಕ್ಕ ನಿಂತೆ. ಹೇಳಬೇಕಾದದ್ದನ್ನು ಕಟ್ಟೆಯ ಮೇಲೆ ಕೂತೇ ಹೊಂದಿಸಿಕೊಂಡಿದ್ದೆ.

"ಅವ್ವ ಅಪ್ಪಗ ಹೇಳತಿದ್ಲು," ಎಂದೆ. "ನಿನ್ನ ಮಾರಿ ನೋಡಿದಾಗೊಮ್ಮೆ ಅಕಿಗೆ ಸತ್ತ ತಂಗಿ ನೆನಪಾಗತಾಳಂತ. ಅಳು ತಡಕೋಳಾಕ ಆಗೂದಿಲ್ಲಂತ. ನೀ ಹೋದ್ರ ಅಕಿಗೆ ಆರಾಮ ಆಗತೈತಂತ."

ಗಿರಿಜಾ ನನ್ನ ಮುಖ ನೋಡಿದಳು. ಆಮೇಲೆ ಬಗ್ಗಿ ಉಳಿದ ಹೂ ಬಿಡಿಸಿದಳು, ಸಾಲು ಮುಗಿಯುವವರೆಗೆ. ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಹಾಡೊಂದನ್ನು ಗುನುಗುತ್ತಿದ್ದಳು. ಗಿರಿಜಾ ಹೇಳಿದಳು: "ದೊಡ್ಡವ್ವಾ, ಪರೀಕ್ಷೆ ಮುಗದ ಮ್ಯಾಲ ನಾ ಅಪ್ಪನ ಕಡೆ ಹೋಗ್ತೀನ್ರಿ. ಅವರಿಗೆ ಮಾಡಿಹಾಕವ್ರು ಯಾರೂ ಇಲ್ಲ." ಅವ್ವ ಬಹಳ ಕೇಳಿದಳು. ಇಲ್ಲಿ ಏನು ಕಡಿಮೆಯಾಯಿತು, ಯಾರು ಏನೆಂದರು. ಯಾರೂ ಏನೂ ಅಂದಿಲ್ಲ ಎಂದಳು ಗಿರಿಜಾ. ನಾನು ಮುಂದಿನ ಸೀಟಿನ ಕಬ್ಬಿಣದ ಸರಳು ಹಿಡಿದು ಕೂತಿದ್ದೆ. ಏಪ್ರಿಲ್ ಕೊನೆಗೆ ಅವಳ ಅಪ್ಪ ಬಂದು ಕರೆದೊಯ್ದ. ರೈಲು ಹೋದ ಮೇಲೂ ಅವ್ವ ಪ್ಲಾಟ್‌ಫಾರ್ಮಿನಲ್ಲಿ ನಿಂತೇ ಇದ್ದಳು. ಅಪ್ಪ ಎರಡು ಸಲ ಕರೆಯಬೇಕಾಯಿತು.

ಮರುವರ್ಷ ಎಲೆಗಳು ಉದುರಿದವು, ಅವ್ವ ಕೇಳಲಿಲ್ಲ. ನಾನೇ ಕೇಳಿದೆ, ಗಿರಿಜಾ ಕೇಳಿದ ಹಾಗೆಯೇ: "ಅವ್ವಾ, ನಿನಗ ಯಾವ ತ್ವಾಟ ಸೇರತೈತಿ?" ಅವ್ವ ರೊಟ್ಟಿಯಿಂದ ತಲೆ ಎತ್ತದೆ, "ನಿನ್ನ ಮಹಾರಾಜಬಾಗಕ್ಕ ಹೋಗೂಣು ತಗೋ," ಎಂದಳು. ಹೋದೆವು. ಅವಳು ನೆರಳಿನ ಬೆಂಚಿನ ಮೇಲೆ ಕೂತು, ನೀ ಆಡು ಹೋಗು ಎಂದಳು. ನವಿಲಿನ ಪಂಜರದ ಮುಂದೆ ನಾನು ಒಬ್ಬಳೇ ನಿಂತೆ. ಅವ್ವ ಪೂರ್ತಿ ನನ್ನವಳಾಗಿದ್ದಳು, ನಾನು ಬಯಸಿದ್ದೂ ಅದನ್ನೇ. ಆದರೂ ಅವತ್ತು ಬೇಗ ಮನೆಗೆ ಹೋಗೋಣ ಎಂದವಳು ನಾನೇ.

ಆ ಮನೆ ಈಗಿಲ್ಲ. ಆಜಿ ಹೋದ ಮೇಲೆ ಅವಳ ಮಕ್ಕಳು ಕೆಡವಿಸಿದರು. ಅಲ್ಲೀಗ ಐದು ಮಾಳಿಗೆ ನಿಂತಿವೆ, ಗ್ಯಾಲರಿ ಇದ್ದ ಎತ್ತರದಲ್ಲಿ ಯಾರದೋ ಎಸಿ ಯಂತ್ರದಿಂದ ನೀರು ತೊಟ್ಟಿಕ್ಕುತ್ತದೆ. ಅಪ್ಪ ತೀರಿದ ಮೇಲೆ ಅವ್ವ ಧರಮಪೇಠಕ್ಕೆ ನನ್ನ ಜೊತೆ ಇರಲು ಬಂದಳು. ಗಿರಿಜಾ ಹುಬ್ಬಳ್ಳಿಯಲ್ಲಿ ಶಾಲೆಯ ಟೀಚರಾದಳು. ಮದುವೆ ಮುಂಜಿಗಳಲ್ಲಿ ಭೇಟಿಯಾದಾಗ ನಾವು ಒಬ್ಬರ ಮಕ್ಕಳ ಬಗ್ಗೆ ಇನ್ನೊಬ್ಬರು ಕೇಳುತ್ತಿದ್ದೆವು, ಅಷ್ಟೇ. ಹೋದ ವರ್ಷ ಫಾಲ್ಗುಣದಲ್ಲಿ ಅವಳು ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡು, ಹತ್ತು ದಿನ ಇರುತ್ತೇನೆಂದು ನಾಗಪುರಕ್ಕೆ ಬಂದಳು. ಎಂಬತ್ತೊಂದರ ಅವ್ವ ಅವಳ ಎಡಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟಳು. ಇಬ್ಬರನ್ನೂ ಹೊರಗೆ ಕರೆದೊಯ್ಯೋಣವೆಂದು ನಾನು ಅಂಬಾಝರಿ, ತೆಲಂಗಖೇಡಿ ಎಂದು ತೋಟಗಳ ಹೆಸರು ಹೇಳಿದೆ. ಕಾಮಠಿ ರಸ್ತೆಯ ತೋಟ ಇದ್ದಲ್ಲಿ ಈಗ ಮನೆಗಳಾಗಿವೆ. ಅವ್ವ ನನ್ನ ಪಟ್ಟಿ ಪೂರ್ತಿ ಕೇಳಿ, "ಗಿರಿಜಾಗ ಕೇಳು," ಎಂದಳು. ಐವತ್ತೈದು ವರ್ಷದ ನಾನು ಮುಖ ಬೇರೆಡೆ ತಿರುಗಿಸಿ ಅವಳನ್ನು ಕೇಳಿದೆ. ಗಿರಿಜಾ ಎಂದಳು, "ದೊಡ್ಡವ್ವಗ ಪಾವಟಿಗಿ ಹತ್ತೂದು ಇಲ್ಲದಲ್ಲಿ ಹೋಗೂಣು."

ಮನೆಯಿಂದ ಎರಡು ಓಣಿ ಆಚೆಗಿನ, ಒಂದು ಮೆಟ್ಟಿಲೂ ಇಲ್ಲದ ಪುಟ್ಟ ಪಾರ್ಕಿಗೆ ಹೋದೆವು. ಬೆಂಚಿನ ಮೇಲೆ, ಇಬ್ಬರ ನಡುವೆ, ಅವ್ವ ಗಿರಿಜಾಳ ಭುಜಕ್ಕೊರಗಿ ನಿದ್ದೆ ಹೋದಳು. ಅದನ್ನು ನೋಡುತ್ತಲೇ ನಾನು ಹೇಳಿಬಿಟ್ಟೆ, ಬಾವಿಯ ಹತ್ತಿರ ನಾನು ಆಡಿದ್ದು ಸುಳ್ಳು ಎಂದು.

"ಗೊತ್ತಿತ್ತ ಬಿಡು," ಎಂದಳು ಗಿರಿಜಾ. "ದೊಡ್ಡವ್ವ ಹಂಗ ಅನ್ನಾಕಿ ಅಲ್ಲ."

"ಮತ್ತ್ಯಾಕ ಹೋದಿ?"

ಅವಳು ಅವ್ವನ ತಲೆ ಅಲುಗದಂತೆ ಮೆಲ್ಲಗೆ ಮಾತಾಡಿದಳು. "ದಿನಾ ಸಂಜೀಮುಂದ ನೀ ಸಾಲಿಯಿಂದ ಬಂದು ಪಾವಟಿಗಿ ಮ್ಯಾಲಿಂದನ ಅವ್ವಾ ಅಂತ ಒದರ್ತಿದ್ದಿ. ಅಕಿ ಒಳಗಿಂದ ಓ ಅಂತಿದ್ಲು. ಅದನ್ನ ಕೇಳ್ಕೋತ ಕುಂದ್ರಾಕ ನನ್ನ ಕಡೆ ಆಗ್ತಿರಲಿಲ್ಲ. ಒಂದಿನ ನೀ ಬರೂ ಹೊತ್ತಿಗೆ ಪಾವಟಿಗಿಗೆ ಸಾಬೂನಿನ ನೀರು ಚೆಲ್ಲಿದ್ದೆ, ನೀ ಬೀಳ್ಲಿ ಅಂತ. ನೀ ಬೀಳ್ಲಿಲ್ಲ. ಆಜಿ ಬಿದ್ಲು. ಅವತ್ತಿನಿಂದ ನನಗ ನನ್ನದ ಅಂಜಿಕಿ. ನೀ ಆ ಸುಳ್ಳು ಹೇಳಿದಾಗ ಹೋಗಾಕ ಒಂದು ದಾರಿ ಸಿಕ್ಕಂಗಾತು."

ನಾವಿಬ್ಬರೂ ಮುಖ ನೋಡಿಕೊಂಡೆವು. ಮೊದಲು ನಕ್ಕವಳು ಅವಳು. ಅವ್ವ ಕಣ್ಣು ಬಿಟ್ಟು, "ಏನ ನಗ್ತೀರಿ?" ಎಂದಳು. ಏನಿಲ್ಲ ಎಂದೆವು. ಅವ್ವ ಏಳಲು ಕೈ ಚಾಚಿದಳು. ಚಾಚಿದ್ದು ಗಿರಿಜಾಳ ಕಡೆಗೆ. ಅಷ್ಟೆಲ್ಲ ಮಾತು ಆದ ಮೇಲೂ ನನ್ನೆದೆಯಲ್ಲಿ ಅದೇ ಹಳೆಯ ಮುಳ್ಳು ಚುಚ್ಚಿತು.

ಮುಂದೆ ಬಂದ ಶ್ರಾವಣದಲ್ಲಿ ಅವ್ವ ತೀರಿಕೊಂಡಳು. ಸುದ್ದಿ ತಿಳಿದು ಬಂದಿದ್ದ ಗಿರಿಜಾ ದಿನಕರ್ಮಗಳೆಲ್ಲ ಮುಗಿದು ಹೊರಡುವಾಗ ಕೇಳಿದಳು, "ದೊಡ್ಡವ್ವ ದಿನಾ ಉಡೂವು ಇದ್ವಲ್ಲ, ಒಂದು ನೂಲಿನ ಸೀರಿ ಕೊಡು ವಿಜಿ." ಅವ್ವ ಕೊನೆಯ ಸಲ ಉಟ್ಟು ಬಿಟ್ಟ ಕಂದು ಅಂಚಿನ ಸೀರೆಯನ್ನು ನಾನು ಒಗೆಯಲು ಬಿಡದೆ ಹಾಸಿಗೆಯಡಿ ಇಟ್ಟುಕೊಂಡಿದ್ದೆ. "ಅವನ್ನೆಲ್ಲ ಕೆಲಸದಾಕಿಗೆ ಕೊಟ್ಟುಬಿಟ್ಟೆ," ಎಂದು ಇಳಕಲ್ಲಿನ ರೇಷ್ಮೆ ಸೀರೆ ತೆಗೆದುಕೊಟ್ಟೆ. ಅವಳು ಅದನ್ನು ಕಣ್ಣಿಗೊತ್ತಿಕೊಂಡು ಚೀಲದಲ್ಲಿಟ್ಟಳು.

ಚಳಿಗಾಲವಿಡೀ ನಾನು ಬಾಗಿಲು ಹಾಕಿಕೊಂಡು ಆ ಸೀರೆಯಲ್ಲಿ ಮುಖ ಹುದುಗಿಸುತ್ತಿದ್ದೆ. ಕೊಬ್ಬರಿ ಎಣ್ಣೆ, ವಿಭೂತಿ, ರೊಟ್ಟಿ ಹಿಟ್ಟು, ಅವ್ವ. ದಿನ ಕಳೆದಂತೆ ಒಂದೊಂದೇ ಹೋದವು. ಈ ಸಲ ಎಲೆ ಉದುರುವ ಹೊತ್ತಿಗೆ ಅದರಲ್ಲಿ ಬಟ್ಟೆಯ ವಾಸನೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಆಗ ನಾನು ಅದನ್ನು ಮಡಿಚಿ, ಕಾಗದದಲ್ಲಿ ಸುತ್ತಿ, ಹುಬ್ಬಳ್ಳಿಗೆ ಅಂಚೆಯಲ್ಲಿ ಕಳಿಸಿದೆ. ಪತ್ರ ಬರೆಯಲಿಲ್ಲ.

ನಿನ್ನೆ ಗಿರಿಜಾಳ ಫೋನು ಬಂತು. ಸೀರೆ ಮುಟ್ಟಿತು ಎಂದಳು. ಆಮೇಲೆ, "ಇನ್ನೂ ದೊಡ್ಡವ್ವನ ವಾಸನಿ ಹಂಗ ಐತಿ ನೋಡು ವಿಜಿ," ಎಂದಳು. "ಹೌದೇನು?" ಎಂದೆ ನಾನು. ಸೀರೆಯನ್ನು ಮುಖಕ್ಕೆ ಹಿಡಿದು ಅವಳು ಉಸಿರು ಎಳೆದುಕೊಳ್ಳುವುದು, ಬಿಡುವುದು, ಮತ್ತೆ ಎಳೆದುಕೊಳ್ಳುವುದು ನನಗೆ ಕೇಳುತ್ತಿತ್ತು. ಫೋನನ್ನು ಕಿವಿಗೆ ಒತ್ತಿ ಹಿಡಿದು ನಾನು ಕೇಳುತ್ತಲೇ ಇದ್ದೆ.